ಘಾಟಿ ರಸ್ತೆಗಳಿಗೆ 2050ರ ಲೆಕ್ಕ ಹಾಕಿದ್ದು ಹೀಗೆ

ಶಿವಮೊಗ್ಗದಿಂದ ಕರಾವಳಿಗೆ ಇಳಿಯುವ ದಾರಿಗಳಿಗೆ 2050ರವರೆಗಿನ ಯೋಜನೆ ಮಾಡಿಕೊಡುವ ಕೆಲಸ ನಮ್ಮ ಪುಟ್ಟ ತಂಡಕ್ಕೆ ಬಂದಿತ್ತು. ಕೆಲಸ ಕೊಟ್ಟವರ ಮೊದಲ ಮಾತು, "2050ಕ್ಕೆ ದಿನಕ್ಕೆ ಎಷ್ಟು ಗಾಡಿ ಓಡುತ್ತವೆ? ಒಂದು ನಂಬರ್ ಕೊಡಿ, ಸಾಕು." ರಸ್ತೆ ಯೋಜನೆಯಲ್ಲಿ ಎಲ್ಲವೂ ನಿಲ್ಲುವುದು ಆ ನಂಬರಿನ ಮೇಲೆಯೇ. ಎರಡು ಲೇನ್ ಸಾಕೋ, ನಾಲ್ಕು ಬೇಕೋ, ಡಾಂಬರು ಎಷ್ಟು ದಪ್ಪ, ಎಷ್ಟು ಜಾಗ ಬಿಡಿಸಿಕೊಳ್ಳಬೇಕು, ಎಲ್ಲ ಅಲ್ಲಿಂದಲೇ ಹೊರಡುತ್ತದೆ.

ನಂಬರ್ ಕೊಡುವುದು ಕಷ್ಟವಲ್ಲ. ಏಳು ದಿನ ಹಗಲೂ ರಾತ್ರಿ ಗಾಡಿ ಎಣಿಸಬೇಕು. ವರ್ಷಕ್ಕೆ ಇಂತಿಷ್ಟು ಹೆಚ್ಚುತ್ತದೆ ಎಂದು ಹಿಡಿದು ಗುಣಿಸಬೇಕು. ಸರಿಯಾದ ಮಾಹಿತಿ ಇಲ್ಲದಾಗ ಶೇ. 5 ಹಿಡಿಯುವ ರೂಢಿ ನಮ್ಮ ವೃತ್ತಿಯಲ್ಲಿ ಇದೆ. ಈಗ ಗುಣಾಕಾರ ನೋಡಿ. ಇವತ್ತು 1,000 ಗಾಡಿ ಇದ್ದರೆ, ಶೇ. 3ರಂತೆ 25 ವರ್ಷಕ್ಕೆ ಸುಮಾರು 2,100 ಆಗುತ್ತದೆ. ಶೇ. 5ರಂತೆ 3,400. ಶೇ. 7.5ರಂತೆ 6,100. ಇರುವ ರಸ್ತೆಯನ್ನೇ ರಿಪೇರಿ ಮಾಡಿದರೆ ಸಾಕು ಎನ್ನುವುದಕ್ಕೂ, ಬೆಟ್ಟ ಕೊರೆದು ಸುರಂಗ ಮಾಡಿ ಎನ್ನುವುದಕ್ಕೂ ನಡುವೆ ಇರುವುದು ಈ ಪರ್ಸೆಂಟಿನ ಆಟ ಅಷ್ಟೇ. ಮಲೆನಾಡಿನ ಮುಂದಿನ 25 ವರ್ಷಕ್ಕೆ ಸರಿಯಾದ ಪರ್ಸೆಂಟ್ ಯಾವುದು ಎಂದು ಎದೆ ತಟ್ಟಿ ಹೇಳುವವರನ್ನು ನಾನಂತೂ ನೋಡಿಲ್ಲ.

ಹಾಗಾಗಿ ನಂಬರಿನಿಂದ ಶುರು ಮಾಡಲಿಲ್ಲ. ಘಾಟಿ ಮುಚ್ಚಿದ ದಿನ ಏನಾಗುತ್ತದೆ ಎಂಬಲ್ಲಿಂದ ಶುರು ಮಾಡಿದೆವು.

ನಮ್ಮ ಕಡೆಯಿಂದ ಕೆಳಗಿಳಿಯಲು ಮುಖ್ಯವಾಗಿ ಐದು ದಾರಿ. ಸಾಗರ, ಜೋಗದ ಕಡೆಯಿಂದ ಗೇರುಸೊಪ್ಪೆ ಮೇಲೆ ಹೊನ್ನಾವರಕ್ಕೆ ಹೋಗುವ 69ನೇ ಹೆದ್ದಾರಿ. ಹಳಬರು ಇವತ್ತಿಗೂ ಅದನ್ನು 206 ಅಂತಲೇ ಕರೆಯುತ್ತಾರೆ. ಹೊಸನಗರ, ನಾಗೋಡಿ, ಕೊಲ್ಲೂರು ಮೇಲೆ ಬೈಂದೂರಿಗೆ ಹೋಗುವ 766ಸಿ. ಮಾಸ್ತಿಕಟ್ಟೆ, ಹುಲಿಕಲ್, ಸಿದ್ದಾಪುರದ ಮೇಲೆ ಕುಂದಾಪುರದ ದಾರಿ. ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೇಲೆ ಉಡುಪಿಗೆ 169ಎ. ಶೃಂಗೇರಿ, ಕೆರೆಕಟ್ಟೆ ಮೇಲೆ ಕಾರ್ಕಳಕ್ಕೆ 169. ಕಡತಗಳಲ್ಲಿ ಒಂದೊಂದಕ್ಕೂ ಬೇರೆ ಫೈಲ್, ಬೇರೆ ಎಸ್ಟಿಮೇಟ್. ಆದರೆ ಮಳೆಗಾಲದಲ್ಲಿ ಅವು ಐದಲ್ಲ, ಒಂದೇ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಎಲ್ಲೋ ಒಂದು ಕಡೆ ಧರೆ, ಅಂದರೆ ರಸ್ತೆ ಬದಿಯ ಕಡಿದಾದ ಮಣ್ಣಿನ ಗುಡ್ಡ, ಕುಸಿದರೆ, ಭಾರಿ ಗಾಡಿಗಳಿಗೆ ತಡೆ ಹಾಕಿದರೆ, ಅಲ್ಲಿನ ಗಾಡಿಗಳೆಲ್ಲ ಹುಲಿಕಲ್ ಕಡೆ ತಿರುಗುತ್ತವೆ. ಹುಲಿಕಲ್ಲಿನದೂ ಅದೇ ಮಳೆ, ಅದೇ ಮಣ್ಣು. ಅದರ ಮೇಲೆ ಹೆಚ್ಚುವರಿ ಲೋಡ್ ಬೀಳುವುದು ಸರಿಯಾಗಿ ಅದು ಅತ್ಯಂತ ನೆನೆದು ಮೆತ್ತಗಾದ ವಾರದಲ್ಲಿ. ದಕ್ಷಿಣದಲ್ಲೂ ಇದನ್ನು ನೋಡಿದ್ದೇವೆ. 2018ರ ಆಗಸ್ಟಿನಲ್ಲಿ ಶಿರಾಡಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದವು. ಒಂದು ಘಾಟಿ ನಿಂತರೆ ಉಳಿದವು ಅದರ ಹೊರೆ ಹೊರಬೇಕು.

ಆದ್ದರಿಂದ ಐದನ್ನೂ ಸೇರಿಸಿ ಒಂದೇ ನಕ್ಷೆ ಮಾಡಿದೆವು. ಒಂದೊಂದನ್ನೇ ಅಳಿಸಿ ನೋಡಿದೆವು. ಆಗುಂಬೆ ಇಲ್ಲ ಎಂದಾದರೆ ಮೇಗರವಳ್ಳಿಯ ರೋಗಿ ಮಣಿಪಾಲ ತಲುಪುವುದು ಹೇಗೆ? ಮಲ್ಪೆಯ ಮೀನು ಲಾರಿ ಬೆಳಗಿನ ಮಾರುಕಟ್ಟೆಗೆ ಮೇಲೆ ಬರುವುದು ಯಾವ ದಾರಿಯಲ್ಲಿ? ಎರಡನ್ನು ಒಟ್ಟಿಗೆ ಅಳಿಸಿದಾಗ ಚಿತ್ರ ಪೂರ್ತಿ ಬದಲಾಯಿತು. ಗಾಡಿ ಎಣಿಕೆಯಲ್ಲಿ ತೀರಾ ಸಣ್ಣದಾಗಿ ಕಾಣುತ್ತಿದ್ದ ಮಾಸ್ತಿಕಟ್ಟೆ ಸುತ್ತಲಿನ ರಸ್ತೆ ತುಂಡುಗಳೇ ಇಡೀ ಪ್ರದೇಶದ ಜೀವನಾಡಿ ಎಂದು ಗೊತ್ತಾಯಿತು.

ಎಣಿಕೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಗಾಡಿ ಎಣಿಸಿದರೆ ಸಿಗುವುದು ಜನರಿಗೆ ಎಷ್ಟು ಓಡಾಟ ಬೇಕು ಎಂಬುದಲ್ಲ, ರಸ್ತೆ ಎಷ್ಟು ಬಿಟ್ಟುಕೊಡುತ್ತದೆ ಎಂಬುದು. ಆಗುಂಬೆಯಲ್ಲಿ ದೊಡ್ಡ ಲಾರಿ ಕಾಣದಿದ್ದರೆ ಲಾರಿಗೆ ಬೇಡಿಕೆ ಇಲ್ಲ ಅಂತಲ್ಲ, ತಡೆ ಇದೆ ಅಂತ. ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಂದೂರು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಆಚೆ ದಡದ ಸಿಗಂದೂರು, ತುಮರಿ ಕಡೆಯವರಿಗೆ ಲಾಂಚೇ ಗತಿಯಾಗಿತ್ತು. ಈಚೆಯ ಅಂಬಾರಗೋಡ್ಲು ದಡದಲ್ಲಿ ಕೂತು ಎಣಿಸಿದರೆ ಲಾಂಚ್ ಎಷ್ಟು ಸಲ ಓಡಿತು, ಒಂದು ಸಲಕ್ಕೆ ಎಷ್ಟು ಕಾರು ಹಿಡಿಸಿತು ಎಂಬ ಲೆಕ್ಕವಷ್ಟೇ ಸಿಗುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದು ಗಾಡಿ ಹತ್ತಿಸುವುದನ್ನು ನಿಲ್ಲಿಸಿದರೆ ಆ ಲೆಕ್ಕದ ಪ್ರಕಾರ ಕಾರುಗಳ ಬೇಡಿಕೆಯೇ ಸೊನ್ನೆ! 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಈಗ ಲಾಂಚಿನ ಹಳೆಯ ಎಣಿಕೆಗೆ ಪರ್ಸೆಂಟ್ ಸೇರಿಸಿ ಮುಂದಿನ ಲೆಕ್ಕ ಹಾಕಿದರೆ ಅದಕ್ಕೆ ಅರ್ಥ ಇದೆಯಾ? ಸಾಗರದಿಂದ ಕೊಲ್ಲೂರಿಗೆ ಹೋಗಲು ಹೊಸ ದಾರಿಯೇ ತೆರೆದುಕೊಂಡಿದೆ. ಕೊಲ್ಲೂರು ಘಾಟಿಯ ಲೆಕ್ಕವೂ ಅದರ ಜೊತೆಗೇ ಬದಲಾಗುತ್ತದೆ.

ಹತ್ತು ಹದಿನೈದು ವರ್ಷದ ಹಿಂದೆ ಕೂತು ಇವತ್ತಿನದನ್ನು ಊಹಿಸಲು ಆಗುತ್ತಿತ್ತಾ ಎಂದು ತಂಡದಲ್ಲೇ ಒಂದು ಆಟ ಆಡಿದೆವು. ಭದ್ರಾವತಿಯ ಕಾಗದ ಕಾರ್ಖಾನೆ ನಿಂತಿತು, ಅದರ ಜೊತೆ ನೀಲಗಿರಿ, ಅಕೇಶಿಯಾ ಲಾರಿಗಳ ಸಾಲೂ ಹೋಯಿತು. ಕೊಪ್ಪದಲ್ಲಿ ಕಾರ್ಮಿಕರೇ ನಡೆಸುತ್ತಿದ್ದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು. ಆ ಬಳಿಕ ಕೊರೋನಾ. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಪಕ್ಕದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಬಂತು. ಅದೇ ವರ್ಷ ಜೂನ್ 11ರಿಂದ ಶಕ್ತಿ ಯೋಜನೆ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಖಾಸಗಿ ಬಸ್ಸನ್ನೇ ನೆಚ್ಚಿಕೊಂಡ ಮಲೆನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಇವುಗಳಲ್ಲಿ ಯಾವುದೂ ಹಳೆಯ ಟ್ರಾಫಿಕ್ ರಿಪೋರ್ಟುಗಳಲ್ಲಿ ಇರಲಿಕ್ಕೆ ಸಾಧ್ಯವೇ ಇರಲಿಲ್ಲ.

ಊಹೆ ಮಾಡುವ ಬದಲು ನಾಲ್ಕು ಬೇರೆ ಬೇರೆ ಮುಂದಿನ ಕಾಲಗಳನ್ನು ಬರೆದುಕೊಂಡೆವು. ಈ ಪದ್ಧತಿ ಹೊಸದೇನಲ್ಲ. ಶೆಲ್ ತೈಲ ಕಂಪನಿ 1970ರ ದಶಕದಲ್ಲೇ ಹೀಗೆ ಮಾಡುತ್ತಿತ್ತು. ನೆದರ್ಲೆಂಡ್ಸಿನವರು ಪ್ರವಾಹದ ಯೋಜನೆಗಳಲ್ಲಿ ಇದನ್ನೇ ಇನ್ನಷ್ಟು ಬೆಳೆಸಿದ್ದಾರೆ. ನಾವು ಮಾಡಿದ ಬದಲಾವಣೆ ಒಂದೇ: ಬರೆಯುವ ಕೆಲಸವನ್ನು ಆಫೀಸಿನಲ್ಲಿ ಮಾಡಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ತೋಟದವರು, ಬಸ್ ಏಜೆಂಟರು, ಲಾರಿ ಡ್ರೈವರುಗಳು, ಹೋಮ್‌ಸ್ಟೇ ನಡೆಸುವವರನ್ನು ಕೂರಿಸಿಕೊಂಡೆವು. "ಮುಂದೆ ಏನಾಗುತ್ತದೆ" ಎಂದು ಕೇಳಲಿಲ್ಲ. "ಏನಾದರೆ ನೀವು ಊರು ಬಿಡುತ್ತೀರಿ, ಏನಾದರೆ ಮಕ್ಕಳು ವಾಪಸ್ ಬರುತ್ತಾರೆ" ಎಂದು ಕೇಳಿದೆವು.

ತೀರ್ಥಹಳ್ಳಿ ಕಡೆಯ ಒಬ್ಬ ಹೆಂಗಸು ಹೇಳಿದ್ದು ಇಡೀ ಯೋಜನೆಯ ದಿಕ್ಕು ತಿರುಗಿಸಿತು. "ನೀವು ರಸ್ತೆ ಅಗಲ ಮಾಡ್ತೀರಿ ಮಾರಾಯ್ರೇ, ಸರಿ. ಎಲೆಚುಕ್ಕಿ ರೋಗ ಹಿಂಗೇ ಹಬ್ಬಿದ್ರೆ ಆ ರಸ್ತೇಲಿ ಅಡಿಕೆ ಹೋಗಲ್ಲ, ನಾವು ಹೋಗ್ತೀವಿ." ಅಲ್ಲಿವರೆಗೆ ನಮ್ಮ ಪಟ್ಟಿಯಲ್ಲಿ ಅಡಿಕೆ ಎಂದರೆ ಬೆಲೆ ಏರುತ್ತದೋ ಇಳಿಯುತ್ತದೋ ಎಂಬಷ್ಟೇ ಇತ್ತು. ಅಡಿಕೆಯೇ ಇಲ್ಲದ ಮಲೆನಾಡು ಒಂದು ಪ್ರತ್ಯೇಕ ಭವಿಷ್ಯವಾಗಿ ಸೇರಿತು. ಅದರಲ್ಲಿ ವಾರದ ದಿನ ಗಾಡಿ ಕಡಿಮೆ, ಶಾಲೆಗೆ ಮಕ್ಕಳು ಕಡಿಮೆ, ಬಸ್ಸಿಗೆ ಜನ ಕಡಿಮೆ. ಆದರೆ ಉಳಿದವರೆಲ್ಲ ವಯಸ್ಸಾದವರು, ಹಾಗಾಗಿ ಆಸ್ಪತ್ರೆ ದಾರಿ ಮಾತ್ರ ಈಗಿನದಕ್ಕಿಂತ ಜಾಸ್ತಿ ಮುಖ್ಯ. ಇನ್ನೊಂದು ಭವಿಷ್ಯದಲ್ಲಿ ಬೆಂಗಳೂರಿನವರು ಶನಿವಾರ, ಭಾನುವಾರ ಜೋಗ, ಕೊಡಚಾದ್ರಿ, ಸಿಗಂದೂರಿಗೆ ನುಗ್ಗುತ್ತಾರೆ, ಸೋಮವಾರ ರಸ್ತೆ ಖಾಲಿ. ಮೂರನೆಯದರಲ್ಲಿ ಸರಕು ಹೆಚ್ಚುತ್ತದೆ. ನಾಲ್ಕನೆಯದು ಮಳೆಯದು. ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ ನಾಲ್ಕು ತಿಂಗಳಲ್ಲಿ ಬೀಳುವುದು ಕೆಲವೇ ದಿನಗಳಲ್ಲಿ ಸುರಿದು ಘಾಟಿಗಳು ಮತ್ತೆ ಮತ್ತೆ ಮುಚ್ಚುತ್ತವೆ.

ಆಮೇಲಿನ ಕೆಲಸ ಮಜಾ ಇತ್ತು. ಗೋಡೆ ತುಂಬ ಒಂದು ಹಾಳೆ. ಎಡಕ್ಕೆ ಮಾಡಬಹುದಾದ ಕೆಲಸಗಳು, ಮೇಲೆ ನಾಲ್ಕು ಭವಿಷ್ಯ. ಪ್ರತಿ ಚೌಕದಲ್ಲಿ ಒಂದೇ ಪ್ರಶ್ನೆ: ಈ ಕಾಲ ಬಂದರೆ, ಈ ಕೆಲಸಕ್ಕೆ ಹಾಕಿದ ದುಡ್ಡಿಗೆ ಮರುಗುತ್ತೇವಾ? ಸುರಂಗ ಸರಕು ಹೆಚ್ಚಿದ ಕಾಲದಲ್ಲಿ ಚೆನ್ನ, ಊರು ಖಾಲಿಯಾದ ಕಾಲದಲ್ಲಿ ಸಾಲ. ಘಾಟಿಯನ್ನು ನಾಲ್ಕು ಲೇನ್ ಮಾಡುವುದು ಮಳೆಯ ಕಾಲದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅಗಲ ಮಾಡಲು ಕಡಿದ ಧರೆಯೇ ಮೊದಲು ಕುಸಿಯುವುದು. ಅದರ ಮೇಲೆ ಕಾಡಿನ ಪ್ರಶ್ನೆ. ಆಗುಂಬೆಯ ಕೆಳಗೆ ಸೋಮೇಶ್ವರ ಅಭಯಾರಣ್ಯ, ಕೆರೆಕಟ್ಟೆ ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಗೇರುಸೊಪ್ಪೆ ಕಡೆ ಶರಾವತಿ ಕಣಿವೆ. ಒಪ್ಪಿಗೆ ಸಿಗುತ್ತದೆ ಎಂದು ಹಿಡಿದು ಯೋಜನೆ ಮಾಡುವುದು ನನ್ನ ಪ್ರಕಾರ ಯೋಜನೆಯೇ ಅಲ್ಲ.

ನಾಲ್ಕೂ ಕಾಲದಲ್ಲಿ ಮರುಗದ ಕೆಲಸಗಳು ಯಾವುವು ಎಂದು ನೋಡಿದರೆ, ಉದ್ಘಾಟನೆಗೆ ಯಾರೂ ಬರದಂಥ ಕೆಲಸಗಳೇ ಉಳಿದವು. ಮುಖ್ಯವಾಗಿ ಮೋರಿ, ಅಂದರೆ ರಸ್ತೆಯ ಅಡಿಯಲ್ಲಿ ನೀರು ದಾಟಿಸುವ ದಾರಿ. ಘಾಟಿ ರಸ್ತೆ ಕೊಚ್ಚಿಹೋಗುವುದು ಬಹಳ ಸಲ ಮಳೆ ಜಾಸ್ತಿ ಆಗಿದ್ದಕ್ಕಲ್ಲ, ಮೋರಿ ಕಟ್ಟಿಕೊಂಡಿದ್ದಕ್ಕೆ. ಹಳೆಯ ಕಿರಿದಾದ ಪೈಪಿಗೆ ದರಗು, ಕೊಂಬೆ, ಕಲ್ಲು ಬಂದು ಸಿಕ್ಕಿಕೊಳ್ಳುತ್ತದೆ. ನೀರು ರಸ್ತೆ ಮೇಲೆ ಹತ್ತುತ್ತದೆ, ಕೆಳಗಿನ ಅಂಚನ್ನು ಕೊರೆಯುತ್ತದೆ, ತಡೆಗೋಡೆಯ ಬುಡ ಸಡಿಲಾಗುತ್ತದೆ. ಪೈಪ್ ತೆಗೆದು ಆಳು ಒಳಗೆ ನುಗ್ಗಿ ಚೊಕ್ಕ ಮಾಡುವಷ್ಟು ಎತ್ತರದ ಬಾಕ್ಸ್ ಮೋರಿ ಹಾಕಬೇಕು. ಧರೆಯ ತಲೆಯ ಮೇಲೆ ನೀರು ತಿರುಗಿಸುವ ಚರಂಡಿ ತೆಗೆಯಬೇಕು. ಗೋಡೆಯ ಹಿಂದಿನ ನೀರು ಹೊರಬರಲು ತೂತು ಬಿಡಬೇಕು, ಬಿಟ್ಟ ತೂತು ಮುಚ್ಚಿಕೊಂಡಿಲ್ಲವಾ ಎಂದು ಮಳೆಗೆ ಮೊದಲು ನೋಡಬೇಕು. ಗಾಡಿ ಎರಡರಷ್ಟಾದರೂ, ಆರರಷ್ಟಾದರೂ ಇದು ಬೇಕೇ ಬೇಕು. ಸುರಂಗದ ಪಕ್ಕದಲ್ಲಿಟ್ಟರೆ ಇದರ ಖರ್ಚು ಕಣ್ಣಿಗೇ ಕಾಣುವುದಿಲ್ಲ.

ಎರಡನೆಯ ಬಗೆಯ ಕೆಲಸ, ಈಗ ಕಟ್ಟದೆ ಜಾಗ ಮಾತ್ರ ಕಾಯ್ದಿಡುವುದು. ಊರ ಹೊರಗಿನ ಬೈಪಾಸ್ ಗೆರೆ, ತಾಳಗುಪ್ಪದಿಂದ ಹೊನ್ನಾವರಕ್ಕೆ ಬಹಳ ಹಿಂದಿನಿಂದ ಕೇಳಿಬರುತ್ತಿರುವ ರೈಲಿನ ಗೆರೆ. ಬ್ರಾಡ್‌ಗೇಜ್ 2011ಕ್ಕೇ ತಾಳಗುಪ್ಪಕ್ಕೆ ಬಂದು ನಿಂತಿದೆ. ಮುಂದೆ ಹೋಗುತ್ತದೋ ಇಲ್ಲವೋ, ನಿಲ್ದಾಣದ ಆಚೆ ಕಟ್ಟಡ ಎದ್ದರೆ ಆ ಪ್ರಶ್ನೆಯೇ ಮುಗಿದುಹೋಗುತ್ತದೆ. ಪಟ್ಟಣದ ಮಾಸ್ಟರ್ ಪ್ಲಾನಿನಲ್ಲಿ ಒಂದು ಗೆರೆ ಎಳೆದಿಡಲು ದುಡ್ಡು ಬೇಡ, ಗಟ್ಟಿ ಮನಸ್ಸು ಬೇಕು. ಸೈಟ್ ಮಾಡಿಸಿಕೊಂಡವರ ಜಗಳ ಇರುವುದೂ ಅಲ್ಲೇ.

ದೊಡ್ಡ ಕೆಲಸಗಳನ್ನು ಬೇಡ ಎಂದು ಬರೆಯಲಿಲ್ಲ. ಯಾವ ಸೂಚನೆ ಕಂಡರೆ ಶುರು ಮಾಡಬೇಕು ಎಂದು ಬರೆದೆವು. ಪ್ರತಿ ಘಾಟಿ ವರ್ಷಕ್ಕೆ ಎಷ್ಟು ದಿನ ಮುಚ್ಚಿತ್ತು. ವಾರದ ದಿನಕ್ಕೂ ಭಾನುವಾರಕ್ಕೂ ಗಾಡಿಗಳ ಅಂತರ ಎಷ್ಟು. ಎಲೆಚುಕ್ಕಿ ಎಷ್ಟು ತೋಟಕ್ಕೆ ಹಬ್ಬಿದೆ. ಎಂಟನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿದರು. ಕೊನೆಯದನ್ನು ನೋಡಿ ಆಫೀಸಿನಲ್ಲಿ ನಕ್ಕರು. ಆದರೆ ಒಂದು ಊರು ಖಾಲಿಯಾಗುತ್ತಿದೆ ಎಂಬುದು ಜನಗಣತಿಗಿಂತ ಮೊದಲು ಹಾಜರಿ ಪುಸ್ತಕದಲ್ಲಿ ಕಾಣುತ್ತದೆ.

ಸೂಚನೆ ಎಲ್ಲಿಗೆ ಮುಟ್ಟಿದಾಗ ಕೆಲಸ ಶುರು ಎಂಬುದರಲ್ಲಿ ಜಾಸ್ತಿ ತಲೆ ಕೆಡಿಸಿಕೊಂಡೆವು. ರಸ್ತೆ ತುಂಬಿ ಹೋದ ಮೇಲೆ ಸುರಂಗದ ಫೈಲ್ ತೆಗೆದರೆ ಪ್ರಯೋಜನವಿಲ್ಲ. ಸಿಗಂದೂರು ಸೇತುವೆಗೆ ಅಡಿಗಲ್ಲು ಹಾಕಿದ್ದು 2018ರಲ್ಲಿ, ಓಡಾಟ ಶುರುವಾಗಿದ್ದು 2025ರಲ್ಲಿ. ಬೇಡಿಕೆ ಎದ್ದಿದ್ದು ಅದಕ್ಕಿಂತ ದಶಕಗಳ ಹಿಂದೆ. ಕಾಡಿನೊಳಗಿನ ಘಾಟಿಗೆ ಸರ್ವೆ, ಡಿಪಿಆರ್ (ವಿವರವಾದ ಯೋಜನಾ ವರದಿ), ಅರಣ್ಯದ ಒಪ್ಪಿಗೆ, ಟೆಂಡರ್ ಎಲ್ಲ ಸೇರಿ ಹತ್ತು ವರ್ಷ ಹಿಡಿಯುವುದೇ ಸರಿ ಎಂದು ನಾವು ಲೆಕ್ಕ ಇಟ್ಟೆವು. ಅಂದರೆ ಹತ್ತು ವರ್ಷ ಆಚೆಗಿನ ಇಕ್ಕಟ್ಟಿಗೆ ಇವತ್ತು ಗಂಟೆ ಬಾರಿಸಬೇಕು. ಹಾಗಾಗಿ ಎರಡು ಹಂತ ಮಾಡಿದೆವು. ಮುಚ್ಚಿದ ದಿನಗಳು ಸತತ ಮೂರು ಮಳೆಗಾಲ ಏರಿದರೆ ಮಣ್ಣು, ಬಂಡೆ ಪರೀಕ್ಷೆ ಮತ್ತು ಸರ್ವೆ ಮಾತ್ರ ಶುರು. ಅದಕ್ಕೆ ಖರ್ಚು ಕಡಿಮೆ, ಬಿಟ್ಟರೂ ನಷ್ಟವಿಲ್ಲ. ಅದರ ಜೊತೆಗೆ ಸರಕು ಗಾಡಿಯೂ ಏರಿದರೆ ಆಗ ದೊಡ್ಡ ಕೆಲಸದ ಮಾತು.

ಕೊನೆಗೂ ಒಂದು ನಂಬರ್ ಕೇಳಿಯೇ ಕೇಳಿದರು. ಮೂರು ನಂಬರ್ ಕೊಟ್ಟೆವು. ಮೂರರ ಎದುರಿಗೂ ಒಂದೇ ಮೋರಿ ಪಟ್ಟಿ ಇಟ್ಟೆವು. ಅದನ್ನು ನೋಡಿದ ಹಿರಿಯ ಎಂಜಿನಿಯರ್ ಒಬ್ಬರು, "ಹಾಗಾದ್ರೆ ನಂಬರಿಗೆ ಇಷ್ಟು ಜಗಳ ಯಾಕ್ರೀ?" ಎಂದರು. ಆ ಸಭೆಯಲ್ಲಿ ಮೋರಿ ಪಟ್ಟಿ ಪಾಸಾಯಿತು. ಬೈಪಾಸ್ ಗೆರೆ ಇನ್ನೂ ಫೈಲಿನಲ್ಲೇ ಇದೆ.

ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಒಂದು ವಿಷಯ: ಘಾಟಿ ಮುಚ್ಚಿದ ದಿನಗಳ ಲೆಕ್ಕ ನಮಗೆ ಒಂದೇ ಕಡೆ ಸಿಗಲಿಲ್ಲ. ಜಿಲ್ಲಾಡಳಿತದ ತಡೆ ಆದೇಶಗಳು, ಹಳೆಯ ದಿನಪತ್ರಿಕೆ, ಬಸ್ ಏಜೆಂಟರ ಟ್ರಿಪ್ ಪುಸ್ತಕ ಮೂರನ್ನೂ ಪಕ್ಕದಲ್ಲಿಟ್ಟು ಹೊಂದಿಸಿದೆವು. ಆದೇಶದಲ್ಲಿ ತಡೆ ಶುರುವಾದ ದಿನ ಇರುತ್ತದೆ, ತೆಗೆದ ದಿನ ಬಹಳ ಸಲ ಇರುವುದಿಲ್ಲ. ಅದಕ್ಕೆ ಟ್ರಿಪ್ ಪುಸ್ತಕವೇ ಆಧಾರ. ಬಸ್ ಮತ್ತೆ ಇಳಿದ ದಿನ ಅದರಲ್ಲಿ ಇರುತ್ತದೆ, ಡೀಸೆಲ್ ಲೆಕ್ಕದ ಸಮೇತ.