ಗಾಡಿ ಏರುವ ಮುನ್ನ, ಏರಿದ ಮೇಲೆ: ತರಬೇತಿಯಲ್ಲಿರುವ ಅಸಿಸ್ಟೆಂಟ್ ಲೋಕೋ ಪೈಲಟ್‌ಗಳಿಗೆ ಮಾರ್ಗದರ್ಶಿ

ಭಾರತೀಯ ರೈಲ್ವೆಯಲ್ಲಿ ಅಸಿಸ್ಟೆಂಟ್ ಲೋಕೋ ಪೈಲಟ್ (ಎಂಜಿನ್ ಚಾಲಕರಾದ ಲೋಕೋ ಪೈಲಟ್ ಅವರ ಸಹಾಯಕ) ಹುದ್ದೆಗೆ ಆಯ್ಕೆಯಾಗಿ ತರಬೇತಿಗೆ ಸೇರುವ ಹೊತ್ತಿಗೆ ನೀವು ಎರಡು ಕಠಿಣ ಪರೀಕ್ಷೆಗಳನ್ನು ದಾಟಿರುತ್ತೀರಿ. ಒಂದು, ಕಂಪ್ಯೂಟರ್ ಆಧಾರಿತ ಆಪ್ಟಿಟ್ಯೂಡ್ ಟೆಸ್ಟ್. ಅದರ ಪ್ರತಿಯೊಂದು ಭಾಗದಲ್ಲೂ ಕನಿಷ್ಠ 42 ಟಿ-ಸ್ಕೋರ್ (ಉಳಿದ ಅಭ್ಯರ್ಥಿಗಳ ಸಾಧನೆಗೆ ಹೋಲಿಸಿ ಲೆಕ್ಕ ಹಾಕಿದ ಅಂಕ) ಬೇಕು, ಯಾವ ವರ್ಗಕ್ಕೂ ಇದರಲ್ಲಿ ರಿಯಾಯಿತಿ ಇಲ್ಲ. ಇನ್ನೊಂದು, ಎ-1 ದರ್ಜೆಯ ವೈದ್ಯಕೀಯ ಪರೀಕ್ಷೆ. ಕನ್ನಡಕವಿಲ್ಲದೆ ಎರಡೂ ಕಣ್ಣುಗಳಿಗೆ 6/6 ದೂರದೃಷ್ಟಿ ಇರಬೇಕು, ಬಣ್ಣ ಗುರುತಿಸುವ ಶಕ್ತಿ ಮತ್ತು ರಾತ್ರಿ ದೃಷ್ಟಿ ನಿರ್ದೋಷವಾಗಿರಬೇಕು; ಲೇಸಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಈ ದರ್ಜೆಗೆ ಅರ್ಹರಲ್ಲ. ಇವೆರಡನ್ನೂ ದಾಟಿದ ಮೇಲೆ ದೇಹದಾರ್ಢ್ಯದ ಪ್ರಶ್ನೆ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಆದರೆ ಆ ಪ್ರಮಾಣಪತ್ರಗಳು ಹೇಳುವುದು ಪರೀಕ್ಷೆ ನಡೆದ ದಿನದ ಸ್ಥಿತಿಯನ್ನು ಮಾತ್ರ. ಇಂದು ರಾತ್ರಿಯ ಗಾಡಿಗೆ ನೀವು ಯೋಗ್ಯರೇ ಎಂಬ ಪ್ರಶ್ನೆಯನ್ನು ಪ್ರತಿ ಡ್ಯೂಟಿಗೂ ಹೊಸದಾಗಿ ಕೇಳಿಕೊಳ್ಳಬೇಕು, ಅದಕ್ಕೆ ಸರಿಯಾದ ಉತ್ತರ ಗೊತ್ತಿರುವವರು ನೀವೊಬ್ಬರೇ. ಡ್ಯೂಟಿಗೆ ಹಾಜರಿ ಹಾಕುವ ಲಾಬಿಯಲ್ಲಿರುವ ಯಂತ್ರ ನಿಮ್ಮ ಉಸಿರಿನಲ್ಲಿರುವ ಮದ್ಯವನ್ನು ಅಳೆಯಬಲ್ಲದು, ನೀವು ಎಷ್ಟು ನಿದ್ದೆ ಮಾಡಿದ್ದೀರೆಂದು ಅಳೆಯಲಾರದು.

ಆದ್ದರಿಂದ ತಯಾರಿ ಮನೆಯಲ್ಲೇ ಆರಂಭವಾಗಬೇಕು. ಸಾಮಾನ್ಯವಾಗಿ ಸೈನ್ ಆನ್‌ಗೆ (ಲಾಬಿಯಲ್ಲಿ ಹಾಜರಿ ಹಾಕುವುದಕ್ಕೆ) 2 ಗಂಟೆ ಮೊದಲು ಡ್ಯೂಟಿಗೆ ಬನ್ನಿ ಎಂದು ನಿಮಗೆ ಕಾಲ್ ಬರುತ್ತದೆ. ಗೂಡ್ಸ್ ಗಾಡಿಯ ಡ್ಯೂಟಿ ಸರದಿಯ ಲಿಂಕ್‌ನಲ್ಲಿ ಆ ಕಾಲ್ ಯಾವ ಹೊತ್ತಿಗೆ ಬಂದೀತೆಂದು ಮೊದಲೇ ಹೇಳಲಾಗುವುದಿಲ್ಲ. ಕಾಲ್ ಬಂದ ಮೇಲೆ ಮಲಗೋಣವೆಂದರೆ ಸಮಯವಿರುವುದಿಲ್ಲ. ವಿಶ್ರಾಂತಿಯ ಅವಧಿ ಶುರುವಾದ ಕೂಡಲೇ ಮೊದಲ ನಿದ್ದೆಯನ್ನು ಮುಗಿಸಿಕೊಳ್ಳುವುದು, ಉಳಿದ ಸಮಯದಲ್ಲಿ ಮನೆಗೆಲಸ ಮಾಡಿ ಕಾಲ್ ನಿರೀಕ್ಷಿಸುವ ಹೊತ್ತಿಗೆ ಇನ್ನೊಂದು ಚಿಕ್ಕ ನಿದ್ದೆ ತೆಗೆಯುವುದು ಒಳ್ಳೆಯ ಪದ್ಧತಿ. ನಿಯಮದ ಪ್ರಕಾರ 8 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದು ಹೆಡ್‌ಕ್ವಾರ್ಟರ್‌ಗೆ ಮರಳಿದವರಿಗೆ 16 ಗಂಟೆಯ ವಿಶ್ರಾಂತಿ, 8 ಗಂಟೆಗಿಂತ ಕಡಿಮೆ ದುಡಿದವರಿಗೆ 12 ಗಂಟೆಯ ವಿಶ್ರಾಂತಿ ಸಲ್ಲಬೇಕು. ಇದಲ್ಲದೆ ತಿಂಗಳಿಗೆ ತಲಾ 30 ಗಂಟೆಯ 4 ಅಥವಾ ತಲಾ 22 ಗಂಟೆಯ 5 ನಿಯತಕಾಲಿಕ ವಿಶ್ರಾಂತಿಗಳಿವೆ. ಈ ಲೆಕ್ಕವನ್ನು ನೀವೇ ಒಂದು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ವಿಶ್ರಾಂತಿ ಪೂರ್ಣವಾಗುವ ಮೊದಲೇ ಕಾಲ್ ಬಂದರೆ, ಕೋಪವಿಲ್ಲದೆ, ದಾಖಲೆಯ ಸಮಯವನ್ನೇ ಹೇಳಿ, ಡ್ಯೂಟಿ ಹಂಚುವ ಕ್ರೂ ಕಂಟ್ರೋಲರ್ ಗಮನಕ್ಕೆ ತರಬಹುದು.

ಹಗಲು ನಿದ್ದೆ ರಾತ್ರಿ ನಿದ್ದೆಯಷ್ಟು ಆಳವಾಗಿರುವುದಿಲ್ಲ. ಕೋಣೆಯನ್ನು ಕತ್ತಲೆ ಮಾಡಿಕೊಳ್ಳುವುದು, ಮೊಬೈಲನ್ನು ಕಾಲ್ ಬಂದರೆ ಮಾತ್ರ ಕೇಳುವಂತೆ ದೂರದಲ್ಲಿಡುವುದು, ಮಲಗುವ ಮುಂಚಿನ ಕೆಲವು ಗಂಟೆ ಚಹಾ ಕಾಫಿ ಬಿಡುವುದು, ಇವು ಸಣ್ಣ ಕ್ರಮಗಳಾದರೂ ಫಲ ಕೊಡುತ್ತವೆ. ಮನೆಯವರಿಗೆ ಈ ವಿಷಯವನ್ನು ಬಿಡಿಸಿ ಹೇಳುವುದು ಇನ್ನೂ ಮುಖ್ಯ. ಮಧ್ಯಾಹ್ನ ಮಲಗಿರುವವರನ್ನು ಸೋಮಾರಿಯೆಂದು ತಿಳಿದು ಎಬ್ಬಿಸುವ ಮನೆಯಲ್ಲಿ ರಾತ್ರಿ ಗಾಡಿಗೆ ಸಿದ್ಧರಾಗುವುದು ಕಷ್ಟ. ಜೋರಾದ ಗೊರಕೆ, ಎಷ್ಟು ಮಲಗಿದರೂ ಹೋಗದ ಆಯಾಸ, ಹಗಲಿನಲ್ಲಿ ಕುಳಿತಲ್ಲೇ ತೂಕಡಿಕೆ ಇದ್ದರೆ ಅದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯ ಲಕ್ಷಣವಾಗಿರಬಹುದು. ಮುಂದಿನ ನಿಯತ ವೈದ್ಯಕೀಯ ಪರೀಕ್ಷೆಯವರೆಗೆ ಕಾಯದೆ ರೈಲ್ವೆ ವೈದ್ಯರಿಗೆ ತೋರಿಸಿ. ಆ ನಿಯತ ಪರೀಕ್ಷೆ 45 ವರ್ಷದವರೆಗೆ 4 ವರ್ಷಕ್ಕೊಮ್ಮೆ, 45ರಿಂದ 55ರವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ನಡೆಯುತ್ತದೆ. ಯುವಕರಿಗೆ ಎರಡು ಪರೀಕ್ಷೆಗಳ ನಡುವಿನ ಅಂತರವೇ ದೀರ್ಘವಾದ್ದರಿಂದ ಕಣ್ಣು, ರಕ್ತದೊತ್ತಡ, ಸಕ್ಕರೆಯ ಬಗ್ಗೆ ನಡುವೆ ತಾವೇ ಎಚ್ಚರ ವಹಿಸಬೇಕಾಗುತ್ತದೆ.

ಮದ್ಯದ ವಿಷಯದಲ್ಲಿ ರೈಲ್ವೆಯ ಸಾಮಾನ್ಯ ನಿಯಮಗಳ (ಜನರಲ್ ರೂಲ್ಸ್) ನಿಯಮ 2.09 ಸ್ಪಷ್ಟವಾಗಿದೆ. ಗಾಡಿ ಸಂಚಾರಕ್ಕೆ ನೇರವಾಗಿ ಸಂಬಂಧಿಸಿದ ಯಾವ ನೌಕರನೂ ಡ್ಯೂಟಿ ಆರಂಭವಾಗುವ ಮೊದಲಿನ 8 ಗಂಟೆಗಳಲ್ಲಿ ಮದ್ಯವನ್ನಾಗಲಿ, ಮಂಪರು ಅಥವಾ ಉತ್ತೇಜನ ತರುವ ಔಷಧಿಯನ್ನಾಗಲಿ ಸೇವಿಸುವಂತಿಲ್ಲ. ಈ 8 ಗಂಟೆ ಕನಿಷ್ಠ ಮಿತಿ. ಹೆಚ್ಚು ಕುಡಿದವರ ರಕ್ತದಲ್ಲಿ ಮದ್ಯ ಅದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ, ನಿದ್ದೆಯೂ ಕೆಡುತ್ತದೆ. ಕಾಲ್ ಯಾವಾಗ ಬರುತ್ತದೆಂದು ಗೊತ್ತಿಲ್ಲದವರಿಗೆ ಡ್ಯೂಟಿಯ ಹಿಂದಿನ ದಿನ ಮುಟ್ಟದಿರುವುದೊಂದೇ ಸುರಕ್ಷಿತ ದಾರಿ. ಇದೇ ನಿಯಮದಲ್ಲಿರುವ ಮಂಪರಿನ ಔಷಧಿಯ ಮಾತನ್ನು ಮಾತ್ರ ಹೊಸಬರು ಬಹುತೇಕ ಮರೆಯುತ್ತಾರೆ. ನೆಗಡಿ, ತುರಿಕೆಗೆ ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವ ಹಲವು ಮಾತ್ರೆಗಳು ನಿದ್ದೆ ತರಿಸುತ್ತವೆ; ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಹೋಮಿಯೋಪತಿಯ ಹನಿಗಳಲ್ಲೂ ಮದ್ಯಸಾರವಿರುತ್ತದೆ. ಯಾವ ವೈದ್ಯರ ಬಳಿ ಹೋದರೂ ‘ನಾನು ರೈಲು ಓಡಿಸುವ ಕೆಲಸದಲ್ಲಿದ್ದೇನೆ’ ಎಂದು ಮೊದಲೇ ಹೇಳಿ, ಔಷಧಿ ಚೀಟಿಯನ್ನು ಕೈಯಲ್ಲಿಟ್ಟುಕೊಳ್ಳಿ, ಉಸಿರು ಪರೀಕ್ಷೆಗೆ ಮುನ್ನವೇ ಲಾಬಿಯಲ್ಲಿ ತಿಳಿಸಿ.

ಜ್ವರ, ಭೇದಿ, ತಲೆಸುತ್ತು ಇದ್ದಾಗ, ಅಥವಾ ಮನೆಯಲ್ಲಿ ಸಾವು ನೋವು ಸಂಭವಿಸಿ ಮನಸ್ಸು ಒಂದೆಡೆ ನಿಲ್ಲದಿದ್ದಾಗ, ‘ಇವತ್ತು ನನ್ನಿಂದ ಆಗುವುದಿಲ್ಲ’ ಎಂದು ಹೇಳುವುದು ಬ್ರೇಕ್ ಹಿಡಿಯುವುದರಷ್ಟೇ ವೃತ್ತಿಗೆ ಸೇರಿದ ಕೌಶಲ. ತರಬೇತಿಯಲ್ಲಿರುವವರಿಗೆ ಇದು ಎಲ್ಲಕ್ಕಿಂತ ಕಷ್ಟ ಎಂಬುದನ್ನು ಬಲ್ಲೆ. ಹೊಸಬರು ನೆಪ ಹೇಳುತ್ತಾರೆಂಬ ಮಾತು ಬಂದೀತೆಂಬ ಅಂಜಿಕೆ, ಮೈಲೇಜ್ (ಓಡಿದ ದೂರಕ್ಕೆ ಸಿಗುವ ಭತ್ಯೆ) ತಪ್ಪುತ್ತದೆಂಬ ಚಿಂತೆ ಎರಡೂ ನಿಜವಾದವು. ಆದರೂ ಕಾಲ್ ಬಂದ ತಕ್ಷಣವೇ ಹೇಳಿಬಿಟ್ಟರೆ ಬದಲಿ ಸಿಬ್ಬಂದಿಯನ್ನು ಕರೆಸಲು 2 ಗಂಟೆ ಸಿಗುತ್ತದೆ. ಪ್ಲಾಟ್‌ಫಾರಂಗೆ ಬಂದ ಮೇಲೆ ಹೇಳಿದರೆ ಗಾಡಿ ನಿಲ್ಲುತ್ತದೆ, ದಾರಿಯಲ್ಲಿ ಗೊತ್ತಾದರೆ ಜೀವಗಳ ಪ್ರಶ್ನೆಯಾಗುತ್ತದೆ. ಸಿಕ್ ಮೆಮೊ (ರೈಲ್ವೆ ವೈದ್ಯರ ಬಳಿ ಹೋಗಲು ಕೊಡುವ ಚೀಟಿ) ಕೇಳಿ ಪಡೆಯಿರಿ, ರೈಲ್ವೆ ವೈದ್ಯರ ಬಳಿ ಹೋಗಿ, ಫಿಟ್ ಸರ್ಟಿಫಿಕೇಟ್ ಸಿಕ್ಕ ಮೇಲೆಯೇ ಮರಳಿ ಡ್ಯೂಟಿಗೆ ಬನ್ನಿ.

ಲಾಬಿಯಲ್ಲಿ ಸೈನ್ ಆನ್ ಮಾಡುವಾಗ ಕ್ರೂ ಮ್ಯಾನೇಜ್‌ಮೆಂಟ್ ಸಿಸ್ಟಮ್‌ನ ಕಿಯೋಸ್ಕ್‌ನಲ್ಲಿ ಗುರುತು ದಾಖಲಿಸಿ ಬ್ರೀತಲೈಸರ್‌ಗೆ ಊದಬೇಕು. ಅದಾದ ಮೇಲೆ ಹೊಸ ಸುರಕ್ಷತಾ ಸುತ್ತೋಲೆಗಳನ್ನೂ ವೇಗದ ನಿರ್ಬಂಧಗಳನ್ನು ತಿಳಿಸುವ ಕಾಶನ್ ಆರ್ಡರನ್ನೂ ಓದಿ ಸಹಿ ಮಾಡಬೇಕು. ಇಲ್ಲಿ ಅವಸರ ಬೇಡ. ಎಲ್ಲಿಂದ ಎಲ್ಲಿಯವರೆಗೆ ಎಷ್ಟು ವೇಗದ ನಿರ್ಬಂಧವಿದೆ ಎಂಬುದನ್ನು ಲೋಕೋ ಪೈಲಟ್ ಮತ್ತು ನೀವು ಒಟ್ಟಿಗೆ ಕುಳಿತು ಗಟ್ಟಿಯಾಗಿ ಓದಿಕೊಂಡರೆ ರಾತ್ರಿ ಆ ಕಿಲೋಮೀಟರ್ ಕಲ್ಲು ಬಂದಾಗ ಇಬ್ಬರಲ್ಲಿ ಒಬ್ಬರಿಗಾದರೂ ನೆನಪಾಗುತ್ತದೆ. ಮೂರು ಬಣ್ಣದ ಟಾರ್ಚ್, ಕೆಂಪು ಹಸಿರು ಬಾವುಟಗಳು, ಡಿಟೊನೇಟರ್ (ಹಳಿಯ ಮೇಲಿಟ್ಟರೆ ಚಕ್ರ ಹತ್ತಿದಾಗ ಸಿಡಿದು ಚಾಲಕರನ್ನು ಎಚ್ಚರಿಸುವ ಸಿಡಿಮದ್ದು) ಡಬ್ಬಿ, ವಾಕಿಟಾಕಿ, ಕೈಗಡಿಯಾರ, ನಿಯಮ ಪುಸ್ತಕ, ವರ್ಕಿಂಗ್ ಟೈಮ್ ಟೇಬಲ್ ಎಲ್ಲವೂ ಇವೆಯೇ ಎಂದು ನೋಡಿ. ಸೇವೆಯಲ್ಲಿ ಮುಂದೆ ವೈದ್ಯರು ಕನ್ನಡಕ ಸೂಚಿಸಿದ್ದರೆ ಎರಡು ಜೊತೆ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಒಂದು ಒಡೆದರೆ ಗಾಡಿ ನಡುದಾರಿಯಲ್ಲಿ ನಿಲ್ಲಬಾರದಲ್ಲ.

ಗಾಡಿ ಹೋಗಲಿರುವ ಸೆಕ್ಷನ್ (ಮಾರ್ಗದ ಭಾಗ) ನಿಮಗೆ ಗೊತ್ತಿದೆಯೇ ಎಂಬುದೂ ಯೋಗ್ಯತೆಯ ಭಾಗವೇ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಬ್ರಗಾಂಜಾ ಘಾಟಿಯಲ್ಲಿ ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ 1 ಮೀಟರ್ ಇಳಿತ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗಗಳಿವೆ, ಇಳಿಜಾರು 50ಕ್ಕೆ 1. ಇಂಥ ದಾರಿಯಲ್ಲಿ ಬ್ರೇಕ್ ಯಾವ ಜಾಗದಲ್ಲಿ ಹಾಕಬೇಕೆಂಬುದು, ಆ ದಾರಿಯಲ್ಲಿ ಓಡಾಡಿ ಕಲಿಯುವ ರೋಡ್ ಲರ್ನಿಂಗ್‌ನಿಂದಷ್ಟೇ ತಿಳಿಯುತ್ತದೆ. ಒಂದು ಸೆಕ್ಷನ್‌ನಲ್ಲಿ 3 ತಿಂಗಳಿಗಿಂತ ಹೆಚ್ಚು ಕಾಲ ಓಡದಿದ್ದರೆ ಮತ್ತೆ ಲರ್ನಿಂಗ್ ಟ್ರಿಪ್ ಬೇಕೆಂದು ಕೇಳಲು ಹಿಂಜರಿಯಬೇಡಿ.

ಎಂಜಿನ್ ಬಳಿ ಹೋದಾಗ ಪಕ್ಕದ ಲೈನಿನಲ್ಲಿ ಗಾಡಿ ಬರುತ್ತಿದೆಯೇ ಎಂದು ಎರಡೂ ಕಡೆ ನೋಡಿ ದಾಟಿ. ಕ್ಯಾಬ್‌ನಿಂದ ಇಳಿಯುವಾಗ ಮುಖ ಎಂಜಿನ್ ಕಡೆಗಿರಲಿ, ಎರಡೂ ಕೈಗಳಿಂದ ಹಿಡಿಕೆ ಹಿಡಿಯಿರಿ, ಜಲ್ಲಿಗೆ ಹಾರಬೇಡಿ. ವಿದ್ಯುತ್ ಮಾರ್ಗದ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಏನೇ ಕಾರಣವಿದ್ದರೂ ಅದರ ಕೆಳಗೆ ಎಂಜಿನ್ ಛಾವಣಿ ಹತ್ತುವಂತಿಲ್ಲ, ತುಂಡಾಗಿ ನೇತಾಡುವ ತಂತಿಯಲ್ಲಿ ವಿದ್ಯುತ್ ಇದೆಯೆಂದೇ ತಿಳಿದು ದೂರ ನಿಲ್ಲಬೇಕು. ಹೆಡ್‌ಲೈಟ್, ಅಪಾಯ ಸೂಚಿಸಲು ಮಿನುಗುವ ಫ್ಲ್ಯಾಷರ್ ಲೈಟ್, ಹಾರ್ನ್, ವೈಪರ್, ಮರಳು ಪೆಟ್ಟಿಗೆ, ಬೆಂಕಿ ನಂದಿಸುವ ಸಾಧನಗಳನ್ನು ಪರೀಕ್ಷಿಸಿ. ಬ್ರೇಕ್ ಪೈಪ್‌ನಲ್ಲಿ ಚದರ ಸೆಂಟಿಮೀಟರ್‌ಗೆ 5 ಕಿಲೋ, ಫೀಡ್ ಪೈಪ್‌ನಲ್ಲಿ 6 ಕಿಲೋ ಒತ್ತಡವಿದೆಯೇ, ಬ್ರೇಕ್‌ಗಳು ಸರಿಯಿವೆಯೆಂದು ಹೇಳುವ ಬ್ರೇಕ್ ಪವರ್ ಸರ್ಟಿಫಿಕೇಟ್ ಆ ಗಾಡಿಯದ್ದೇ ಮತ್ತು ಊರ್ಜಿತವಿದೆಯೇ ಎಂದು ನೋಡಿ. ಗಾಡಿ ಹೊರಟ ಮೇಲೆ ಮೊದಲ ಅವಕಾಶದಲ್ಲೇ ಲೋಕೋ ಪೈಲಟ್ ಬ್ರೇಕ್ ಫೀಲ್ ಟೆಸ್ಟ್ ಮಾಡುತ್ತಾರೆ. ವೇಗ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು, ಎಷ್ಟು ದೂರದಲ್ಲಿ ಇಳಿಯಿತು ಎಂಬುದನ್ನು ಗಮನಿಸುತ್ತಾ ಕಲಿಯಿರಿ.

ಓಡುವ ಗಾಡಿಯಲ್ಲಿ ಸಹಾಯಕರ ಮುಖ್ಯ ಕೆಲಸ ಸಿಗ್ನಲ್. ನಿಯಮ 3.83ರಂತೆ ಸಿಗ್ನಲ್ ಕಂಡ ಕೂಡಲೇ ಇಬ್ಬರೂ ಅದನ್ನು ಗುರುತಿಸಿ, ಬಣ್ಣವನ್ನು ಪರಸ್ಪರ ಕೂಗಿ ಹೇಳಬೇಕು. ಕೈ ಎತ್ತಿ ತೋರಿಸುತ್ತಾ ಹೇಳಿ. ಇದು ಬರಿಯ ಶಾಸ್ತ್ರವಾಗಿಬಿಡುವ ಅಪಾಯವಿದೆ: ಲೋಕೋ ಪೈಲಟ್ ‘ಹಸಿರು’ ಎಂದಾಗ ತಲೆ ಎತ್ತದೆ ‘ಹಸಿರು’ ಎಂದುಬಿಟ್ಟರೆ ಎರಡನೆಯ ಜೋಡಿ ಕಣ್ಣು ಕ್ಯಾಬ್‌ನಲ್ಲಿ ಇದ್ದೂ ಇಲ್ಲದಂತೆ. ನೀವು ಕಂಡಿದ್ದನ್ನು ನೀವೇ ಹೇಳಿ, ಭಿನ್ನವಾಗಿ ಕಂಡರೆ ಸೇವಾ ಹಿರಿತನವನ್ನು ನೋಡದೆ ಗಟ್ಟಿಯಾಗಿ ಹೇಳಿ. ಹಳದಿ ದಾಟಿದ ಮೇಲೆ ಎದ್ದು ನಿಂತು, ಮುಂದಿನ ಸಿಗ್ನಲ್ ಕೆಂಪಿದ್ದು ವೇಗ ಇಳಿಯದಿದ್ದರೆ ತುರ್ತು ಬ್ರೇಕ್ ವಾಲ್ವ್ ತೆರೆಯಬೇಕು. ಆಮೇಲೆ ಬೈಗುಳ ಕೇಳಬೇಕಾಗಿ ಬಂದರೂ ಚಿಂತೆಯಿಲ್ಲ. ಸ್ವಂತ ಮೊಬೈಲ್ ಆಫ್ ಆಗಿ ಚೀಲದಲ್ಲಿರಲಿ.

2012ರ ಮೇ 22ರಂದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ಬೆಳಗಿನ ಜಾವ ಪೆನುಕೊಂಡದಲ್ಲಿ ಕೆಂಪು ಸಿಗ್ನಲ್ ದಾಟಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿ ಸುಮಾರು 25 ಜನ ಪ್ರಾಣ ಕಳೆದುಕೊಂಡರು. ರಾತ್ರಿ 2ರಿಂದ 5ರವರೆಗಿನ ಅವಧಿಯಲ್ಲಿ ದೇಹ ತಾನಾಗಿಯೇ ನಿದ್ದೆಗೆ ಎಳೆಯುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಣ್ಣು 5 ಸೆಕೆಂಡ್ ಮುಚ್ಚಿದರೆ ಗಾಡಿ ಸುಮಾರು 140 ಮೀಟರ್ ಮುಂದೆ ಹೋಗಿರುತ್ತದೆ. ಎಂಜಿನ್‌ನಲ್ಲಿರುವ ವಿಜಿಲೆನ್ಸ್ ಕಂಟ್ರೋಲ್ ಡಿವೈಸ್, 60 ಸೆಕೆಂಡ್‌ವರೆಗೆ ಚಾಲಕರಿಂದ ಯಾವ ಕ್ರಿಯೆಯೂ ಇಲ್ಲದಿದ್ದರೆ 8 ಸೆಕೆಂಡ್ ದೀಪ ಮಿನುಗಿಸಿ, ಮತ್ತೆ 8 ಸೆಕೆಂಡ್ ಬಜರ್ ಬಾರಿಸಿ, ಆಮೇಲೆ ತಾನೇ ಬ್ರೇಕ್ ಹಾಕುತ್ತದೆ. ಆದರೆ ಅರೆನಿದ್ದೆಯಲ್ಲಿರುವ ಕೈ ಅಭ್ಯಾಸಬಲದಿಂದ ಗುಂಡಿ ಒತ್ತುತ್ತಲೇ ಇರಬಹುದು. 2020ರಲ್ಲಿ ರಾಷ್ಟ್ರೀಯ ಸ್ವಯಂಚಾಲಿತ ಗಾಡಿ ರಕ್ಷಣಾ ವ್ಯವಸ್ಥೆಯಾಗಿ ಒಪ್ಪಿಕೊಳ್ಳಲಾದ ಕವಚ್ ಕೆಂಪು ಸಿಗ್ನಲ್ ದಾಟುವುದನ್ನು ತಡೆಯಬಲ್ಲದಾದರೂ ಇನ್ನೂ ಎಲ್ಲ ಮಾರ್ಗಗಳಿಗೂ ಬಂದಿಲ್ಲ. ಆದ್ದರಿಂದ ಆ ಹೊತ್ತಿನಲ್ಲಿ ಎದ್ದು ನಿಲ್ಲಿ, ಮುಖಕ್ಕೆ ನೀರು ಹಾಕಿಕೊಳ್ಳಿ, ಮುಂದಿನ ಗೇಟು, ಕಾಶನ್, ಸ್ಟೇಷನ್ ಬಗ್ಗೆ ಲೋಕೋ ಪೈಲಟ್ ಜೊತೆ ಮಾತಾಡುತ್ತಿರಿ. ತೂಕಡಿಕೆ ತಡೆಯಲಾಗದಿದ್ದರೆ ಒಪ್ಪಿಕೊಂಡು ಹೇಳಿ, ಮುಂದಿನ ಸ್ಟೇಷನ್‌ನಲ್ಲಿ ಕಂಟ್ರೋಲ್‌ಗೆ ತಿಳಿಸಿ.

ಇನ್ನೊಂದು ಮಾತು ನೀರಿನದು. ಹಲವು ಎಂಜಿನ್‌ಗಳಲ್ಲಿ ಶೌಚಾಲಯವಿಲ್ಲ, ಆದ್ದರಿಂದ ಸಿಬ್ಬಂದಿ, ವಿಶೇಷವಾಗಿ ಮಹಿಳೆಯರು, ಡ್ಯೂಟಿಯಲ್ಲಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ಇದರಿಂದ ತಲೆನೋವು, ಮಂಕು, ಮೂತ್ರದ ಸೋಂಕು ಬರುತ್ತವೆ. ಇದು ವ್ಯವಸ್ಥೆ ಸರಿಪಡಿಸಬೇಕಾದ ಅನ್ಯಾಯ, ಸಿಬ್ಬಂದಿ ಸಹಿಸಿಕೊಂಡು ಹೋಗಬೇಕಾದ ಕಷ್ಟವಲ್ಲ. ಸರಿಯಾಗುವವರೆಗೆ ಗಾಡಿ ನಿಲ್ಲುವ ಜಾಗಗಳನ್ನು ಮೊದಲೇ ಲೆಕ್ಕ ಹಾಕಿ ಸ್ವಲ್ಪ ಸ್ವಲ್ಪವೇ ಕುಡಿಯುತ್ತಿರಿ, ನಿಲುಗಡೆ ಬೇಕಾದರೆ ವಾಕಿಟಾಕಿಯಲ್ಲಿ ಕೇಳಲು ನಾಚಬೇಡಿ.

ಲೋಕೋ ಪೈಲಟ್ ಹಠಾತ್ತಾಗಿ ಕುಸಿದರೆ ನಿಯಮ 4.20 ಹೇಳುವುದು ಇಷ್ಟು: ಸಹಾಯಕರು ಅರ್ಹತೆ ಪಡೆದವರಾಗಿದ್ದರೆ ಎಚ್ಚರಿಕೆಯಿಂದ ಮುಂದಿನ ಸ್ಟೇಷನ್‌ವರೆಗೆ ಗಾಡಿ ನಡೆಸಬಹುದು, ಇಲ್ಲದಿದ್ದರೆ ನಿಲ್ಲಿಸಿ ಹತ್ತಿರದ ಸ್ಟೇಷನ್ ಮಾಸ್ಟರ್‌ಗೆ ಸುದ್ದಿ ಮುಟ್ಟಿಸಬೇಕು. ತರಬೇತಿಯಲ್ಲಿರುವ ನೀವು ಎರಡನೆಯದನ್ನೇ ಮಾಡಬೇಕು. ಅಪಘಾತವಾಗಿ ಪಕ್ಕದ ಲೈನಿಗೂ ಅಡ್ಡಿಯಾಗಿದ್ದರೆ ಮೊದಲು ಫ್ಲ್ಯಾಷರ್ ಲೈಟ್ ಹಾಕಿ, ವಾಕಿಟಾಕಿಯಲ್ಲಿ ಎಚ್ಚರಿಸಿ, ಕೆಂಪು ತೋರಿಸುತ್ತಾ ಆ ಲೈನಿನಲ್ಲಿ ಎದುರಿಗೆ ಓಡಿ. ಬ್ರಾಡ್‌ಗೇಜ್‌ನಲ್ಲಿ 600 ಮೀಟರ್‌ಗೆ 1 ಡಿಟೊನೇಟರ್, 1,200 ಮೀಟರ್‌ಗೆ ಸುಮಾರು 10 ಮೀಟರ್ ಅಂತರದಲ್ಲಿ 3 ಡಿಟೊನೇಟರ್ ಇಡಬೇಕು. 1,200 ಮೀಟರ್ ಜಲ್ಲಿಯ ಮೇಲೆ ಕತ್ತಲಲ್ಲಿ ಓಡಲು ಕಾಲಿಗೆ ಬಲವೂ ಸರಿಯಾದ ಬೂಟೂ ಬೇಕು. ನಡಿಗೆಯ ವ್ಯಾಯಾಮವನ್ನು ಬಿಡಬೇಡಿ.

ನಿಂತ ಎಂಜಿನ್ ಅಪಾಯವಿಲ್ಲದ ವಸ್ತುವೆಂದು ಭಾವಿಸಬೇಡಿ. 2017ರ ನವೆಂಬರ್ 8ರಂದು ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಗಾಡಿಯಿಂದ ಬಿಡಿಸಿದ್ದ ವಿದ್ಯುತ್ ಎಂಜಿನ್ ಚಾಲಕರಿಲ್ಲದೆ ಸುಮಾರು 13 ಕಿಲೋಮೀಟರ್ ಓಡಿತು. ಸಿಬ್ಬಂದಿಯೊಬ್ಬರು ಬೈಕಿನಲ್ಲಿ ಬೆನ್ನಟ್ಟಿ ನಾಲವಾರದ ಬಳಿ ಅದನ್ನೇರಿ ನಿಲ್ಲಿಸಿದರು. 2024ರ ಫೆಬ್ರವರಿ 25ರಂದು ಜಮ್ಮು ಕಾಶ್ಮೀರದ ಕಠುವಾದಿಂದ ಚಾಲಕರಿಲ್ಲದ ಗೂಡ್ಸ್ ಗಾಡಿ ಪಂಜಾಬಿನತ್ತ ಸುಮಾರು 70 ಕಿಲೋಮೀಟರ್ ಓಡಿತು. ಎಂಜಿನ್ ಬಿಟ್ಟು ಇಳಿಯುವ ಮೊದಲು ಹ್ಯಾಂಡ್ ಬ್ರೇಕ್ ಬಿಗಿಯಿರಿ, ಚಕ್ರಗಳಿಗೆ ಮರದ ಗೂಟ ಕೊಡಿ, ವ್ಯಾಗನ್‌ಗಳ ಹ್ಯಾಂಡ್ ಬ್ರೇಕ್ ಮತ್ತು ಸರಪಳಿಯನ್ನು ನಿಯಮದಂತೆ ಹಾಕಲಾಗಿದೆಯೇ ಎಂದು ಕಣ್ಣಾರೆ ನೋಡಿ. ‘ಹಾಕಿದ್ದಾರೆ’ ಎಂದು ಬೇರೆಯವರು ಹೇಳಿದ್ದನ್ನು ನಂಬಿ ಸಹಿ ಹಾಕಬೇಡಿ.

ಸೈನ್ ಆಫ್ ಮಾಡುವಾಗಲೂ ಉಸಿರು ಪರೀಕ್ಷೆ ಇರುತ್ತದೆ. ದಾರಿಯಲ್ಲಿ ಕಂಡ ಮಂದವಾದ ಸಿಗ್ನಲ್, ಮರದ ಕೊಂಬೆಯಿಂದ ಮರೆಯಾದ ಬೋರ್ಡ್, ಹಳಿಯ ಮೇಲೆ ತಗಲಿದ ಜರ್ಕ್, ಎಂಜಿನ್‌ನ ದೋಷ ಎಲ್ಲವನ್ನೂ ಕಿಲೋಮೀಟರ್ ಸಂಖ್ಯೆ ಸಹಿತ ದಾಖಲಿಸಿ, ಮುಂದಿನ ಗಾಡಿಯ ಸಿಬ್ಬಂದಿಗೆ ಅದು ಬೇಕಾಗುತ್ತದೆ. ನಿಮ್ಮ ವಿಶ್ರಾಂತಿಯ ಲೆಕ್ಕ ಸೈನ್ ಆಫ್ ಆದ ಸಮಯದಿಂದ ಶುರುವಾಗುವುದರಿಂದ ಆ ಸಮಯ ನಿಜವಾಗಿ ಕೆಲಸ ಮುಗಿದ ಗಳಿಗೆಯೇ ಆಗಿರಲಿ, ಅದನ್ನು ಹಿಂದಕ್ಕೆ ಹಾಕಿಸಿಕೊಳ್ಳಲು ಒಪ್ಪಬೇಡಿ. ಹೊರ ಊರಿನಲ್ಲಿ ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲಿ ಸೊಳ್ಳೆ, ಗದ್ದಲ, ಕೆಟ್ಟ ಊಟದಿಂದ ನಿದ್ದೆ ಆಗದಿದ್ದರೆ ಅಲ್ಲಿನ ದೂರು ಪುಸ್ತಕದಲ್ಲಿ ಬರೆದು, ಮರು ಡ್ಯೂಟಿಗೆ ಕಾಲ್ ಬಂದಾಗ ಎಷ್ಟು ಗಂಟೆ ಮಲಗಿದ್ದೀರೆಂಬುದನ್ನು ಕ್ರೂ ಕಂಟ್ರೋಲರ್‌ಗೂ ಜೊತೆಗಿರುವ ಲೋಕೋ ಪೈಲಟ್‌ಗೂ ಇದ್ದಂತೆಯೇ ತಿಳಿಸಿ.