ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನ ಹಳ್ಳಿದಾರಿ: ಕಾರ್ ಪ್ರವಾಸಕ್ಕೆ ತಯಾರಿ ಹೇಗೆ?

ಫ್ರಾನ್ಸ್ ಅಂದ ಕೂಡಲೇ ಪ್ಯಾರಿಸ್ಸಿಗೆ ನಾಲ್ಕು ದಿನ, ಅಲ್ಲಿಂದ ಸ್ವಿಟ್ಜರ್‌ಲೆಂಡ್‌ಗೆ ರೈಲು ಎಂದು ಲೆಕ್ಕ ಹಾಕುವವರೇ ಜಾಸ್ತಿ. ಆ ದೇಶದ ಹಳ್ಳಿಗಾಡು ನೋಡಬೇಕಿದ್ದರೆ ಕಾರು ಬೇಕು. ಹಳ್ಳಿಗಳಿಗೆ ಬಸ್ಸು ಕಡಿಮೆ, ಭಾನುವಾರವಂತೂ ತೀರಾ ಕಡಿಮೆ.

ಹೋಗಲು ಒಳ್ಳೆಯ ಕಾಲ ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ. ಸೆಪ್ಟೆಂಬರ್ ಮೊದಲಲ್ಲೇ ಅಲ್ಲಿ ಶಾಲೆ ಶುರುವಾಗುತ್ತದೆ, ಬೇಸಿಗೆ ರಜೆಯ ಜನಜಂಗುಳಿ ಕರಗುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಸಂಜೆ ಎಂಟರ ಹತ್ತಿರದವರೆಗೂ ಬೆಳಕಿರುತ್ತದೆ. ದ್ರಾಕ್ಷಿ ಕೊಯ್ಲಿನ ಕಾಲವೂ ಅದೇ. ಅಣಬೆ, ಹೊಸ ಅಕ್ರೋಟು ಸಂತೆಗೆ ಬರುವುದೂ ಆಗಲೇ.

ಮೊದಲು ಒಂದೇ ಸೀಮೆ ಆರಿಸಿ

ಇಡೀ ಯೋಜನೆ ನಿಲ್ಲುವುದು ಈ ಒಂದು ತೀರ್ಮಾನದ ಮೇಲೆ. ಹತ್ತು ದಿನದಲ್ಲಿ ಲುವಾರ್ ಕಣಿವೆಯ ಅರಮನೆಗಳು, ಅಲ್ಸಾಸ್, ದಕ್ಷಿಣದ ಪ್ರೊವಾನ್ಸ್ ಎಲ್ಲವನ್ನೂ ಮುಗಿಸುತ್ತೇನೆ ಎಂದು ಹೊರಟರೆ ಕಾಣುವುದು ಹೆದ್ದಾರಿ ಮಾತ್ರ. ಒಂದು ಸೀಮೆ, ಒಂದು ಅಥವಾ ಎರಡು ಮನೆ, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಡ್ರೈವಿಂಗ್ ಇಲ್ಲ. ಇಷ್ಟು ಗಟ್ಟಿ ಮಾಡಿಕೊಂಡರೆ ಉಳಿದದ್ದು ಸುಲಭ.

ದ್ರಾಕ್ಷಿತೋಟ ಇಷ್ಟವಿದ್ದರೆ ಅಲ್ಸಾಸ್‌ನ ವೈನ್ ರಸ್ತೆ ಇದೆ. 1953ರಲ್ಲಿ ಗುರುತಿಸಿದ ಈ ದಾರಿ ಸುಮಾರು 170 ಕಿ.ಮೀ. ಉದ್ದ. ಬರ್ಗಂಡಿಯಲ್ಲಿ ದಿಜೋನ್‌ನಿಂದ ಬೋನ್ ಕಡೆಗೆ ಹೋಗುವ ದಾರಿಯೂ ಸೊಗಸು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಮಾತ್ರ ನೈಋತ್ಯದ ದೊರ್ದೊನ್ ಕಣಿವೆ. ಅಲ್ಲಿನ ಸಾರ್ಲಾ ಪಟ್ಟಣವನ್ನು ನೆಲೆ ಮಾಡಿಕೊಂಡರೆ ನೋಡಬೇಕಾದ್ದೆಲ್ಲ ಹೆಚ್ಚುಕಡಿಮೆ ಒಂದು ಗಂಟೆಯ ದಾರಿಯೊಳಗೇ ಸಿಗುತ್ತದೆ. ಬೆನಾಕ್ ಮತ್ತು ಕಾಸ್ಟೆಲ್ನೊ ಕೋಟೆಗಳು ನದಿಯ ಆಚೆ ಈಚೆ ಎದುರುಬದುರು ನಿಂತಿವೆ. ಇಂಗ್ಲಿಷರು, ಫ್ರೆಂಚರ ನಡುವಿನ ನೂರು ವರ್ಷಗಳ ಯುದ್ಧದಲ್ಲಿ ಇವು ಎದುರಾಳಿಗಳ ಪಾಲಾಗಿದ್ದವು. ಹತ್ತಿರದಲ್ಲೇ ಲಾ ರೋಕ್ ಗಜಾಕ್ ಎಂಬ ಊರು. ಮೇಲೆ ಬಂಡೆ, ಕೆಳಗೆ ನದಿ, ನಡುವೆ ಇದ್ದಷ್ಟು ಜಾಗದಲ್ಲಿ ಮನೆಗಳು.

ಕಾಗದಪತ್ರ

ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ, ಆದರೆ ಅಲ್ಲಿವರೆಗೆ ಕಾಯಬೇಡಿ. ಕರ್ನಾಟಕದವರು ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಕೊಡಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚಕ್ಕೆ ಒದಗುವ ವಿಮೆ ಕಡ್ಡಾಯ.

ನಮ್ಮ ಲೈಸೆನ್ಸ್ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಳ್ಳಿ. ಅದನ್ನು ನಿಮ್ಮ ಆರ್‌ಟಿಒ ಕಚೇರಿಯೇ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸ್ ಇಲ್ಲದೆ ಅದೊಂದಕ್ಕೇ ಬೆಲೆಯಿಲ್ಲ, ಹಾಗಾಗಿ ಎರಡೂ ಕಾರಿನಲ್ಲಿರಲಿ.

ಕಾರು ಎಲ್ಲಿ, ಎಂಥದ್ದು?

ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದು, ಪ್ಯಾರಿಸ್ ವಿಮಾನ ನಿಲ್ದಾಣದಲ್ಲೇ ಕಾರು ಹಿಡಿದು ಹೊರಡುವುದು ಅಪಾಯ. ನಿದ್ದೆಯಿಲ್ಲದ ಕಣ್ಣು, ರಸ್ತೆಯ ಬಲಬದಿ, ಪ್ಯಾರಿಸ್‌ನ ವರ್ತುಲ ರಸ್ತೆ, ಮೂರೂ ಒಟ್ಟಿಗೆ ಬೇಡ. ದೊರ್ದೊನ್‌ಗೆ ಹೋಗುವುದಾದರೆ, ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಿಂದ ನೈಋತ್ಯದ ಬೋರ್ಡೊ ನಗರಕ್ಕೆ ಟಿಜಿವಿ ಎಂಬ ವೇಗದ ರೈಲು ಎರಡು ಗಂಟೆ ಚಿಲ್ಲರೆಯಲ್ಲಿ ತಲುಪಿಸುತ್ತದೆ. ರಾತ್ರಿ ಅಲ್ಲಿ ಮಲಗಿ, ಬೆಳಿಗ್ಗೆ ಕಾರು ತೆಗೆದುಕೊಳ್ಳಿ. ಅಲ್ಲಿಂದ ಸಾರ್ಲಾಗೆ ಸುಮಾರು ಎರಡೂವರೆ ಗಂಟೆ.

ಆಟೋಮ್ಯಾಟಿಕ್ ಗೇರಿನ ಕಾರನ್ನೇ ಕೇಳಿ, ಬೇಗ ಬುಕ್ ಮಾಡಿ. ಮ್ಯಾನ್ಯುಯಲ್ ಆದರೆ ಸ್ಟೀರಿಂಗ್ ಎಡಕ್ಕೆ, ಗೇರು ಬಲಗೈಗೆ. ಹೊಸ ರಸ್ತೆಯಲ್ಲಿ ಅದೊಂದು ಹೆಚ್ಚಿನ ಹೊರೆ. ಸಣ್ಣ ಕಾರೇ ಒಳ್ಳೆಯದು, ಹಳ್ಳಿಯ ಬೀದಿಗಳು ಇಕ್ಕಟ್ಟು. ಠೇವಣಿಗೆ ಸಾಮಾನ್ಯವಾಗಿ ಚಾಲಕರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಕಾರಿಗೆ ಏಟಾದರೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ. ಎಚ್ಚರಿಕೆಯ ತ್ರಿಕೋನ ಮತ್ತು ಹೊಳೆಯುವ ಜಾಕೆಟ್ ಕಾರಿನಲ್ಲಿರಬೇಕೆಂಬುದು ಅಲ್ಲಿನ ಕಾನೂನು, ಇವೆಯೇ ನೋಡಿಕೊಳ್ಳಿ. ಚಿಕ್ಕ ಮಕ್ಕಳಿದ್ದರೆ ಅವರ ಸೀಟನ್ನೂ ಮೊದಲೇ ಹೇಳಿಡಿ.

ಪೆಟ್ರೋಲ್ ಬಂಕ್‌ನಲ್ಲಿ ಒಂದು ಎಚ್ಚರ: ಅಲ್ಲಿ ‘ಗಜೋಲ್’ ಅಂದರೆ ಡೀಸೆಲ್. ಪೆಟ್ರೋಲ್ ಕಾರಿಗೆ ಇ5 ಅಥವಾ ಇ10 ಎಂದು ಬರೆದ ಪಂಪು, ಡೀಸೆಲ್ಲಿಗೆ ಬಿ7. ಸೂಪರ್ ಮಾರ್ಕೆಟ್ ಬಂಕ್‌ಗಳಲ್ಲಿ ಬೆಲೆ ಸಾಮಾನ್ಯವಾಗಿ ಕಡಿಮೆ.

ರಸ್ತೆಯ ನಿಯಮ, ಇದನ್ನು ಎರಡು ಸಲ ಓದಿ

ಬಲಬದಿಯಲ್ಲಿ ಓಡಿಸುವುದು ಒಂದು ದಿನದಲ್ಲಿ ರೂಢಿಯಾಗುತ್ತದೆ. ತೊಂದರೆ ಕೊಡುವುದು ಬಲಗಡೆಯ ಆದ್ಯತೆ. ಬೋರ್ಡಾಗಲಿ, ರಸ್ತೆಯ ಮೇಲೆ ಗೆರೆಯಾಗಲಿ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲ ದಾರಿ. ನೀವು ಊರಿನ ದೊಡ್ಡ ಬೀದಿಯಲ್ಲಿದ್ದು, ಅದು ಸಣ್ಣ ಗಲ್ಲಿಯಿಂದ ಬಂದರೂ ಅಷ್ಟೇ. ಅದು ನಿಲ್ಲುತ್ತದೆ ಎಂದುಕೊಳ್ಳಬೇಡಿ, ನಿಲ್ಲುವುದಿಲ್ಲ. ಹಳದಿ ವಜ್ರಾಕೃತಿಯ ಬೋರ್ಡು ಕಂಡರೆ ನಿಮ್ಮ ರಸ್ತೆಗೇ ಆದ್ಯತೆ. ಅದೇ ಬೋರ್ಡಿನ ಮೇಲೆ ಕಪ್ಪು ಅಡ್ಡಗೆರೆ ಇದ್ದರೆ ಆ ಆದ್ಯತೆ ಅಲ್ಲಿಗೆ ಮುಗಿಯಿತು. ಬೋರ್ಡಿರುವ ವೃತ್ತಗಳಲ್ಲಿ ಇದು ತಿರುವುಮುರುವು. ಒಳಗೆ ಸುತ್ತುತ್ತಿರುವವರು ಮೊದಲು, ನೀವು ಎಡಕ್ಕೆ ನೋಡಿ ಕಾಯಬೇಕು.

ಕೆಂಪು ಅಂಚಿನ ಊರಿನ ಹೆಸರಿನ ಫಲಕ ದಾಟಿದ ಕೂಡಲೇ ವೇಗಮಿತಿ 50. ಬೇರೆ ಅಂಕಿ ಬರೆದಿರದಿದ್ದರೂ 50 ಅಂತಲೇ ಅರ್ಥ. ಊರಾಚೆ ವಿಭಜಕವಿಲ್ಲದ ರಸ್ತೆಗಳಲ್ಲಿ ಸಾಮಾನ್ಯವಾಗಿ 80, ಕೆಲವು ಜಿಲ್ಲೆಗಳ ಕೆಲವು ರಸ್ತೆಗಳಲ್ಲಿ 90. ಹೆದ್ದಾರಿಯಲ್ಲಿ 130, ಮಳೆ ಬಂದರೆ 110. ಕ್ಯಾಮೆರಾ ಹಿಡಿದರೆ ದಂಡದ ಕಾಗದ ಬಾಡಿಗೆ ಕಂಪನಿಯ ಮೂಲಕ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ, ಇಯರ್‌ಫೋನ್ ಕೂಡ ಹಾಕುವಂತಿಲ್ಲ. ಟೋಲ್‌ಗೇಟಿನಲ್ಲಿ ಕಿತ್ತಳೆ ಬಣ್ಣದ ‘ಟಿ’ ಮಾತ್ರ ಇರುವ ಸಾಲು ಟ್ಯಾಗ್ ಇರುವವರಿಗೆ. ನೀವು ಕಾರ್ಡಿನ ಚಿತ್ರವಿರುವ ಸಾಲಿಗೆ ಹೋಗಿ.

ದಾರಿ ಹುಡುಕುವಾಗ ಮ್ಯಾಪ್‌ನಲ್ಲಿ ಹೆದ್ದಾರಿ ಬೇಡವೆಂದು ಒತ್ತಿ, ‘ಡಿ’ ಅಕ್ಷರದ ಜಿಲ್ಲಾ ರಸ್ತೆಗಳನ್ನೇ ಹಿಡಿಯಿರಿ. ಮಿಶೆಲಿನ್ ಕಾಗದದ ನಕ್ಷೆಯೂ ಜೊತೆಗಿರಲಿ. ಅದರಲ್ಲಿ ನೋಟ ಚೆಂದವಿರುವ ರಸ್ತೆಗಳ ಪಕ್ಕ ಹಸಿರು ಗೆರೆ ಎಳೆದಿರುತ್ತಾರೆ. ಮೊಬೈಲ್ ಸಿಗ್ನಲ್ ಸಿಗದ ಕಣಿವೆಯಲ್ಲೂ ಇದು ಕೆಲಸಕ್ಕೆ ಬರುತ್ತದೆ.

ಮನೆ, ಅಡುಗೆ

ಹೋಟೆಲಿಗಿಂತ ‘ಜೀತ್’ ಎನ್ನುವ ಹಳ್ಳಿಯ ಬಾಡಿಗೆ ಮನೆ ನಮ್ಮವರಿಗೆ ಚೆನ್ನಾಗಿ ಒಗ್ಗುತ್ತದೆ. ಅಡುಗೆಮನೆ ಇರುತ್ತದೆ. ಹಲವು ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ ಕೊಡುತ್ತಾರೆ, ವಿಮಾನದ ಟಿಕೆಟ್ ತೆಗೆಯುವ ಮೊದಲೇ ಇದನ್ನು ನೋಡಿ.

ಸಸ್ಯಾಹಾರಿಗಳಿಗೆ ಅಡುಗೆಮನೆ ಬೇಕೇ ಬೇಕು. ದೊರ್ದೊನ್ ಬಾತುಕೋಳಿಯ ನಾಡು. ಸಾರ್ಲಾದ ಹೆಸರಾಂತ ಆಲೂಗಡ್ಡೆಯನ್ನೂ ಬಾತಿನ ಕೊಬ್ಬಿನಲ್ಲೇ ಹುರಿಯುತ್ತಾರೆ, ಸಲಾಡ್‌ನಲ್ಲಿ ಹಂದಿಮಾಂಸದ ಚೂರುಗಳಿರಬಹುದು. ಕೇಳದೆ ತಿನ್ನಬೇಡಿ. ಊರಿಂದ ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಹಾಲಿನ ಪೇಡ, ಹಸಿ ಕರಿಬೇವು ಬೇಡ. ಹಾಲು, ಮಾಂಸದ ಪದಾರ್ಥಗಳಿಗೆ ಐರೋಪ್ಯ ಒಕ್ಕೂಟದಲ್ಲಿ ತಡೆಯಿದೆ, ಹಸಿ ಸೊಪ್ಪಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಹಳ್ಳಿಯ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ 12ರಿಂದ 2. ಎರಡೂವರೆಗೆ ಹೋದರೆ ಒಲೆ ಆರಿರುತ್ತದೆ. ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ದಿನಸಿ ತುಂಬಿಕೊಳ್ಳಿ.

ದಿನಗಳನ್ನು ಹಂಚುವುದು

ಸಾರ್ಲಾದ ಸಂತೆ ಬುಧವಾರ ಮತ್ತು ಶನಿವಾರ. ಎಂಟೂವರೆಗೇ ಹೋಗಿ, ಊರ ಅಂಚಿನಲ್ಲಿ ಕಾರು ನಿಲ್ಲಿಸಿ ನಡೆಯಿರಿ. ಯಾವುದೇ ಊರಿನಲ್ಲಿ ರಾತ್ರಿ ಚೌಕದಲ್ಲಿ ಕಾರು ಬಿಡುವ ಮೊದಲು ಸಂತೆ ದಿನದ ಬೋರ್ಡು ಓದಿ, ಇಲ್ಲವಾದರೆ ಬೆಳಿಗ್ಗೆ ಕಾರು ಎತ್ತಿಕೊಂಡು ಹೋಗಿರುತ್ತಾರೆ.

ಆದಿಮಾನವರ ಚಿತ್ರಗಳಿರುವ ಲಾಸ್ಕೊ ಗುಹೆಗೆ ಒಂದು ಅರ್ಧ ದಿನ. 1940ರ ಸೆಪ್ಟೆಂಬರ್‌ನಲ್ಲಿ ಹುಡುಗರ ಕಣ್ಣಿಗೆ ಬಿದ್ದ ಈ ಚಿತ್ರಗಳು ನೋಡುಗರ ಉಸಿರಿನಿಂದ ಹಾಳಾಗತೊಡಗಿ, 1963ರಲ್ಲಿ ಗುಹೆ ಮುಚ್ಚಿತು. ಈಗ ನೋಡುವುದು 2016ರಲ್ಲಿ ತೆರೆದ ಪ್ರತಿಕೃತಿ. ಅದು ನಿಜಕ್ಕೂ ಚೆನ್ನಾಗಿದೆ. ಆದರೂ ಹದಿನೈದು ಸಾವಿರ ವರ್ಷಕ್ಕೂ ಹಳೆಯ ಅಸಲಿ ಗೆರೆಯ ಮುಂದೆ ನಿಲ್ಲುವ ಅನುಭವವೇ ಬೇರೆ. ಅದಕ್ಕೆ ಲೇಜೆಜಿ ಎಂಬ ಊರಿನ ಫೋಂ ದ ಗೋಮ್ ಗುಹೆ ಇದೆ. ದಿನಕ್ಕೆ ಕೆಲವರನ್ನಷ್ಟೇ ಬಿಡುವುದರಿಂದ ಟಿಕೆಟ್ ಮುಂಚೆಯೇ ತೆಗೆಯಬೇಕು. ಇಡೀ ಪ್ರವಾಸದಲ್ಲಿ ಮೊದಲು ಬುಕ್ ಮಾಡಬೇಕಾದ ಟಿಕೆಟ್ ಇದೇ.

ಇನ್ನೊಂದು ದಿನ ಬಂಡೆಗೆ ಅಂಟಿದ ಯಾತ್ರಾಸ್ಥಳ ರೊಕಮದೂರ್, ಅದರ ಹತ್ತಿರದ ಪಾದಿರಾಕ್. ಇಲ್ಲಿ 75 ಮೀಟರ್ ಆಳದ ಕಂದರಕ್ಕಿಳಿದು ನೆಲದೊಳಗಿನ ನದಿಯಲ್ಲಿ ದೋಣಿ ಹತ್ತಬಹುದು. ಸೆಪ್ಟೆಂಬರ್ ಮೂರನೇ ವಾರಾಂತ್ಯ ಸಿಕ್ಕರೆ ಅದನ್ನು ಖಾಲಿ ಬಿಡಿ. ಅವು ಪರಂಪರೆಯ ದಿನಗಳು, ಬೇರೆ ದಿನ ಬಾಗಿಲು ಹಾಕಿರುವ ಎಷ್ಟೋ ಹಳೆಯ ಕಟ್ಟಡಗಳು ಆಗ ತೆರೆಯುತ್ತವೆ.

ಮುಸ್ಸಂಜೆಗೆ ಮನೆ ಸೇರಿ. ಜಿಂಕೆ, ಕಾಡುಹಂದಿ ಆ ಹೊತ್ತಿಗೆ ರಸ್ತೆಗೆ ಬರುತ್ತವೆ. ಬೇಟೆಯ ಕಾಲವೂ ಸೆಪ್ಟೆಂಬರ್‌ನಲ್ಲೇ ಶುರು, ಕಾಡಿನಲ್ಲಿ ನಡೆಯುವುದಾದರೆ ಎದ್ದು ಕಾಣುವ ಬಟ್ಟೆ ಹಾಕಿ. ತುರ್ತಿಗೆ 112.

ಕಾರು ಹಿಂದಿರುಗಿಸುವ ದಿನ ಟ್ಯಾಂಕ್ ತುಂಬಿಸಿ, ನಾಲ್ಕೂ ಬದಿಯ ಫೋಟೊ ತೆಗೆದುಕೊಳ್ಳಿ. ಸಣ್ಣ ಊರಿನ ಬಾಡಿಗೆ ಕಚೇರಿಗಳು ಮಧ್ಯಾಹ್ನ ಊಟಕ್ಕೆ ಮುಚ್ಚುವುದುಂಟು, ಭಾನುವಾರ ರಜೆ ಇರುವುದೂ ಉಂಟು. ರೈಲಿನ ಟಿಕೆಟ್ಟನ್ನು ಆ ಸಮಯ ನೋಡಿಕೊಂಡೇ ತೆಗೆಯಿರಿ.