ಶುಭ ಶುಕ್ರವಾರದ ಗಂಜಿ: ಬೇಯಿಸುವವರೂ ಆರಾಧನೆಗೆ ಕೂರುವ ಹಾಗೆ

ಶುಭ ಶುಕ್ರವಾರ ನಮ್ಮ ದೇವಾಲಯದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಮುಗಿದ ಮೇಲೆ ಹಿಂದಿನ ಅಡುಗೆಮನೆಯಿಂದ ಎಲ್ಲರಿಗೂ ಗಂಜಿ, ಹೆಸರುಕಾಳು ಪಲ್ಯ, ಚಟ್ನಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕರಾವಳಿಯಲ್ಲಿ ಹುಟ್ಟಿದ ಕ್ರೈಸ್ತ ಸಭೆಗಳಲ್ಲಿ ನಮ್ಮದೂ ಒಂದು.

ಈ ಅಡುಗೆಗೆ ನಾನು ನಿಲ್ಲಲು ಶುರು ಮಾಡಿ 18 ವರ್ಷ. ಮೊದಲ ಆರು ವರ್ಷ ಪಾದ್ರಿಗಳ ಒಂದು ಪ್ರಸಂಗವನ್ನೂ ಕೂತು ಕೇಳಲಿಲ್ಲ. ಕಿಟಕಿಯಿಂದ ಕೀರ್ತನೆ ಕೇಳಿಸುತ್ತಿತ್ತು, ಹೊಗೆಯಲ್ಲಿ ನಿಂತೇ ದನಿ ಸೇರಿಸುತ್ತಿದ್ದೆವು. ಸಭೆಗೆ ಉಣಿಸುವವರೇ ಸಭೆಯ ಹೊರಗೆ ಉಳಿಯುವುದು ಸರಿಯಲ್ಲ, ಅಲ್ವಾ? ಅದಕ್ಕೇ 12 ಗಂಟೆಗೆ ಒಲೆ ಆರಿರಬೇಕು ಎಂದು ಕೆಲಸ ಜೋಡಿಸಿಕೊಂಡೆವು. ನೀವೂ ಮಾಡಬಹುದು.

150 ಜನಕ್ಕೆ 12 ಕೆಜಿ ಕುಚ್ಚಲಕ್ಕಿ, 5 ಕೆಜಿ ಹೆಸರುಕಾಳು, 20 ತೆಂಗಿನಕಾಯಿ ಸಾಕು. ಅಕ್ಕಿ ಮನೆಮನೆಯಿಂದ ಬರುತ್ತದೆ. ಯಾರದ್ದನ್ನೂ ಬೇಡ ಅನ್ನಬೇಡಿ, ಆದರೆ ಸುಮ್ನೆ ಒಟ್ಟಿಗೆ ಸುರಿಯಲೂ ಬೇಡಿ. ಒಬ್ಬರ ಅಕ್ಕಿ ಮುಕ್ಕಾಲು ಗಂಟೆಗೆ ಬೇಯುತ್ತದೆ, ಇನ್ನೊಬ್ಬರದ್ದಕ್ಕೆ ಒಂದೂಕಾಲು ಗಂಟೆಯಾದರೂ ಬೇಕು. ದಪ್ಪ ಕಾಳಿನದ್ದು ಒಂದು ಕೊಪ್ಪರಿಗೆಗೆ, ಉಳಿದದ್ದು ಇನ್ನೊಂದಕ್ಕೆ. ಈ ವಿಂಗಡಣೆ ಗುರುವಾರ ಸಂಜೆಯೇ ಆಗಬೇಕು. ಹೆಸರುಕಾಳು ನೆನೆಹಾಕುವುದೂ ಆಗಲೇ.

ಬೆಳಿಗ್ಗೆ 8:30ಕ್ಕೆ ಒಲೆ ಹಚ್ಚಿ. ಕೆಜಿ ಅಕ್ಕಿಗೆ 5 ಲೀಟರ್ ನೀರು. ಜಾಸ್ತಿ ಹಾಕಬೇಡಿ, ಕೊನೆಗೆ ಸೇರಿಸುವುದಿದೆ. ನೀರು ಚೆನ್ನಾಗಿ ಮರಳಿದ ಮೇಲೆಯೇ ತೊಳೆದ ಅಕ್ಕಿ ಹಾಕಿ. ಬೆಂದಿತೇ ಎಂದು ನೋಡಲು ಸೌಟಿನಲ್ಲಿ ನಾಲ್ಕು ಅಗುಳು ತೆಗೆದು ಹೆಬ್ಬೆರಳಿನಿಂದ ಹಿಸುಕಿ. ಹೊರಗೆ ಮೆತ್ತಗಾಗಿ, ಒಳಗೆ ಒಂದು ಸಣ್ಣ ಬಿಳಿ ಚುಕ್ಕೆ ಉಳಿದಿರಬೇಕು. ಅಷ್ಟಕ್ಕೇ ನಿಲ್ಲಿಸಿ. ಆ ಚುಕ್ಕೆ ಪೂರ್ತಿ ಕರಗುವವರೆಗೆ ಬೇಯಿಸಿದರೆ 3 ಗಂಟೆಗೆ ನಿಮಗೆ ಸಿಗುವುದು ಗಂಜಿಯಲ್ಲ, ಅಂಟು. ಉಳಿದ ಬೇಯುವಿಕೆಯನ್ನು ಕೊಪ್ಪರಿಗೆಯ ಬಿಸಿಯೇ ಮಾಡಿಕೊಳ್ಳುತ್ತದೆ. ಮುಚ್ಚಳ ಬಿಗಿಯಾಗಿ ಮುಚ್ಚಿ. ಕೊಳ್ಳಿಗಳನ್ನೆಲ್ಲ ಹೊರಗೆಳೆದು ನೀರು ಹಾಕಿ ಆರಿಸಿ, ಒಲೆಯನ್ನೂ ಪೂರ್ತಿ ತಣಿಸಿ. ಆಮೇಲೆ ಕೊಪ್ಪರಿಗೆಗೆ ನಾಲ್ಕು ಪದರ ಗೋಣಿಚೀಲ ಹೊದಿಸಿ. ಯಾರೂ ಇಲ್ಲದ ಅಡುಗೆಮನೆಯಲ್ಲಿ ಒಂದು ಕೆಂಡವೂ ಇರಬಾರದು.

ಉಪ್ಪು ಗಂಜಿಗೆ ಹಾಕಬೇಡಿ, ತಟ್ಟೆಯ ಬದಿಗೆ ಬಡಿಸಿ. ಬಿಪಿ ಇರುವ ಹಿರಿಯರು ನಮ್ಮಲ್ಲಿ ತುಂಬ ಮಂದಿ.

ಚಟ್ನಿ ವಿಷಯದಲ್ಲಿ ನಾನೊಮ್ಮೆ ತಪ್ಪು ಮಾಡಿದ್ದೇನೆ. ಬೆಳಿಗ್ಗೆಯೇ ಹಸಿ ತೆಂಗಿನತುರಿಗೆ ಈರುಳ್ಳಿ, ನೀರು ಸೇರಿಸಿ ರುಬ್ಬಿಟ್ಟೆ. ಏಪ್ರಿಲ್ ಸೆಕೆಗೆ 3 ಗಂಟೆ ಹೊತ್ತಿಗೆ ಹುಳಿ ವಾಸನೆ ಬಂದಿತ್ತು. ಪೂರ್ತಿ ಚೆಲ್ಲಿ ಉಪ್ಪಿನಕಾಯಿಯಲ್ಲೇ ಊಟ ಮುಗಿಸಿದೆವು. ಆವತ್ತಿನಿಂದ ತುರಿಯನ್ನು ಕೆಂಪಗೆ ಹುರಿದು, ಒಣಮೆಣಸು, ಹುಣಸೆ, ಉಪ್ಪು ಹಾಕಿ ನೀರಿಲ್ಲದೆ ರುಬ್ಬುವ ಒಣ ಚಟ್ನಿಯೇ ನಮ್ಮದು. ಗಂಜಿಗೆ ಅದರಷ್ಟು ರುಚಿ ಬೇರೆ ಇಲ್ಲ.

11:30ಕ್ಕೆ ಕೈಕಾಲು ತೊಳೆದು, ಸೀರೆ ಬದಲಾಯಿಸಿ ಒಳಗೆ ಹೋಗಿ. ಇಬ್ಬರು ಯುವಕರು ಮಾತ್ರ ಹಿಂದಿನ ಬೆಂಚಿನಲ್ಲಿ ಕೂರಲಿ. ಏಳನೇ ಮಾತಿನ ಪ್ರಸಂಗ ಮುಗಿದು ಕೀರ್ತನೆ ಶುರುವಾದಾಗ ಅವರು ಎದ್ದು ಹೋಗಿ ಗ್ಯಾಸ್ ಒಲೆಯಲ್ಲಿ 25 ಲೀಟರ್ ನೀರಿಡಲಿ. ಅದು ಕುದಿದ ಮೇಲೆ ಎರಡೂ ಕೊಪ್ಪರಿಗೆಗೆ ಸುರಿದು, ಅಡಿಯಿಂದ ಕದಡಿ, ಇನ್ನೊಮ್ಮೆ ಕುದಿಸಿ. ಗಂಜಿ ಬೇಯಿಸಿದ ಹೊತ್ತಿನಷ್ಟೇ ಸಡಿಲಾಗುತ್ತದೆ. ಪಲ್ಯವೂ ಆಗಲೇ ಬಿಸಿಯಾಗಲಿ.

ಬಡಿಸುವ ಮೊದಲು ಹಾಸಿಗೆ ಹಿಡಿದವರ ಮನೆಯ ಪಾತ್ರೆಗಳು ತುಂಬಬೇಕು. ಮಿಕ್ಕಿದ್ದನ್ನು ಕಳಿಸುವುದಲ್ಲ, ಮೊದಲು ಕಳಿಸುವುದು. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ ಆರನೇ ಅಧ್ಯಾಯದಲ್ಲಿ ಆದಿಸಭೆಯೊಳಗೆ ಗೊಣಗಾಟ ಎದ್ದದ್ದು ಇದಕ್ಕೇ: ದಿನದ ಹಂಚಿಕೆಯಲ್ಲಿ ಕೆಲವು ವಿಧವೆಯರನ್ನು ಕಡೆಗಣಿಸಿದ್ದರು. ಅದಕ್ಕೆಂದೇ ಏಳು ಜನರನ್ನು ಆರಿಸಬೇಕಾಯಿತು. ನಮ್ಮಲ್ಲಿ ಒಂಬತ್ತು ಮನೆಗಳ ಪಟ್ಟಿ ಗೋಡೆಗೆ ಅಂಟಿಸಿದ್ದೇವೆ. ಬೈಕ್ ಇರುವ ಹುಡುಗರು ಹೊರಟ ಮೇಲೆಯೇ ಮೊದಲ ಸೌಟು.

ಮೊದಲ ಪಂಕ್ತಿಯಲ್ಲಿ ಬೇಯಿಸಿದವರನ್ನು ಕೂರಿಸಿ. ನಮ್ಮ ಸಭಾಪಾಲಕರೇ (ಪಾದ್ರಿಗಳೇ) ಬಡಿಸುತ್ತಾರೆ. ಪಾತ್ರೆ ತೊಳೆಯುವುದು ಗಂಡಸರ ಕೆಲಸ ಎಂದು ಮೊದಲೇ ಹೇಳಿಬಿಡಿ. ಅದಕ್ಕೆ ಹೆಂಗಸರು ಎದ್ದು ಹೋದರೆ ಕೈಹಿಡಿದು ಕೂರಿಸಿ.

ಕೊನೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಷ್ಟು ಜನ ಉಂಡರು, ಏನು ಉಳಿಯಿತು, ಏನು ಸಾಲಲಿಲ್ಲ ಎಂದು ಅವತ್ತೇ ಬರೆಯಿರಿ. ಕಳೆದ ವರ್ಷದ ಪುಟದಲ್ಲಿ ನಾನು ಬರೆದದ್ದು: 163 ಜನ, ಅಕ್ಕಿ ಸರಿಯಾಯಿತು, ಚಟ್ನಿಗೆ ಇನ್ನೆರಡು ಕಾಯಿ ಬೇಕಿತ್ತು, ಏಳು ಮಾತನ್ನೂ ಕೂತು ಕೇಳಿದೆವು.